ಬೂಟು ಕಟ್ಟುವ ಮೊದಲು: ವಿದೇಶಿ ಫುಟ್‌ಬಾಲ್ ಕ್ಲಬ್‌ಗಳ ಟ್ರಯಲ್ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ನನಗೆ 22 ವರ್ಷ. ಮಿಡ್‌ಫೀಲ್ಡರ್. ನಮ್ಮ ದೇಶದ ಎರಡನೇ ದರ್ಜೆಯ ಲೀಗ್‌ನಲ್ಲಿ ಆಡುತ್ತಿದ್ದೇನೆ. ಯುರೋಪಿನ ಹತ್ತಾರು ಕ್ಲಬ್‌ಗಳಿಗೆ ವಿಡಿಯೊ ಕಳಿಸಿದೆ. ಒಬ್ಬರೂ ಉತ್ತರ ಕೊಟ್ಟಿಲ್ಲ. ನನ್ನ ಆಟ ಸಾಲದೇ?

ಉತ್ತರ: ಆಟದ ಮಾತು ಆಮೇಲೆ. ನಿಮ್ಮ ವಿಡಿಯೊವನ್ನು ಬಹುಶಃ ಯಾರೂ ತೆರೆದೇ ಇಲ್ಲ. ಪಾಸ್‌ಪೋರ್ಟ್ ಯಾವ ದೇಶದ್ದು, ವಯಸ್ಸೆಷ್ಟು, ಈಗ ಯಾವ ಕ್ಲಬ್‌ ಜೊತೆ ಒಪ್ಪಂದ ಇದೆ ಎಂಬುದನ್ನು ಕ್ಲಬ್‌ನವರು ಮೊದಲು ನೋಡುತ್ತಾರೆ. ಇವರನ್ನು ನೋಂದಾಯಿಸಲು ಆಗುತ್ತದೋ ಇಲ್ಲವೋ ಅಷ್ಟರಲ್ಲೇ ಗೊತ್ತಾಗಿಬಿಡುತ್ತದೆ. ಆಗುವುದಿಲ್ಲ ಎಂದಾದರೆ ವಿಡಿಯೊ ನೋಡುವ ಪುರುಸೊತ್ತು ಯಾರಿಗಿದೆ?

ಹುಡುಗರು ಇಷ್ಟದ ಕ್ಲಬ್ ಹಿಡಿದು ಹೊರಡುತ್ತಾರೆ. ನಿಯಮ ಹಿಡಿದು ಹೊರಡಿ ಎನ್ನುತ್ತೇನೆ ನಾನು. ನೆದರ್ಲೆಂಡ್ಸ್ ನೋಡಿ. ಯುರೋಪ್ ಒಕ್ಕೂಟದ ಹೊರಗಿನ ಆಟಗಾರನಿಗೆ 20 ವರ್ಷ ಆಗಿದ್ದರೆ, ಅಲ್ಲಿನ ಮೊದಲ ದರ್ಜೆಯ ಸರಾಸರಿ ಸಂಬಳದ ಒಂದೂವರೆ ಪಟ್ಟು ಕೊಡಲೇಬೇಕು. 18-19ರವರಿಗೆ ಅದರ ಅರ್ಧ ಸಾಕು. ಅಂದರೆ ನಿಮ್ಮನ್ನು ತೆಗೆದುಕೊಳ್ಳುವ ಕ್ಲಬ್ ತನ್ನಲ್ಲೇ ಇರುವ ಹೆಚ್ಚಿನ ಆಟಗಾರರಿಗಿಂತ ನಿಮಗೆ ಜಾಸ್ತಿ ದುಡ್ಡು ಕೊಡಬೇಕು. ಕೊಡುತ್ತಾರಾ? ಇಂಗ್ಲೆಂಡ್‌ನಲ್ಲಿ 2021ರಿಂದ ಅಂಕಗಳ ಲೆಕ್ಕ ನಡೆಯುತ್ತಿದೆ. ರಾಷ್ಟ್ರೀಯ ತಂಡಕ್ಕೆ ಎಷ್ಟು ಆಡಿದ್ದೀರಿ, ಈಗಿನ ಲೀಗ್‌ನ ಮಟ್ಟ ಏನು, ಅಲ್ಲಿ ಎಷ್ಟು ನಿಮಿಷ ಆಡಿದ್ದೀರಿ ಎಂದು ಅಂಕ ಹಾಕುತ್ತಾರೆ. ಎರಡನೇ ದರ್ಜೆಯ ಲೀಗ್‌ನಿಂದ ನೇರವಾಗಿ ಹೋಗುವವರಿಗೆ ಆ ಬಾಗಿಲು ಮುಚ್ಚಿದ ಹಾಗೆಯೇ. ಸ್ಪೇನ್‌ನ ಮೊದಲ ದರ್ಜೆಯಲ್ಲಿ ಒಂದು ಪಂದ್ಯಕ್ಕೆ ಒಕ್ಕೂಟದ ಹೊರಗಿನ ಮೂವರಿಗಿಂತ ಹೆಚ್ಚು ಜನರನ್ನು ಇಟ್ಟುಕೊಳ್ಳುವಂತಿಲ್ಲ. ಆ ಮೂರು ಜಾಗಕ್ಕೆ ದಕ್ಷಿಣ ಅಮೆರಿಕದ ದೊಡ್ಡ ಹೆಸರುಗಳೇ ಸಾಲಿನಲ್ಲಿವೆ. ಜರ್ಮನಿಯ ಬುಂಡೆಸ್‌ಲಿಗಾದಲ್ಲಿ ವಿದೇಶಿಯರಿಗೆ ಮಿತಿ ಇಲ್ಲ, ನಿಜ. ಆದರೆ ಕೆಲಸದ ಪರವಾನಗಿಗೆ ಕನಿಷ್ಠ ಸಂಬಳ ಇಷ್ಟು ಎಂದು ಕಾನೂನಿದೆ. ಐದನೇ ದರ್ಜೆಯ ಊರಿನ ಕ್ಲಬ್‌ಗೆ ಅಷ್ಟು ಕೊಡುವ ಶಕ್ತಿ ಎಲ್ಲಿಂದ ಬರಬೇಕು?

ಯುರೋಪ್ ಒಂದೇ ದಾರಿ ಎಂದೂ ತಿಳಿಯಬೇಡಿ. ಜಪಾನ್‌ನಲ್ಲಿ ವಿದೇಶಿಯರಿಗೆ ಮಿತಿ ಇದೆ. ಆದರೂ ತಾಯ್ಲೆಂಡ್, ವಿಯೆಟ್ನಾಂನಂಥ ಕೆಲವು ಪಾಲುದಾರ ದೇಶಗಳವರನ್ನು ಅಲ್ಲಿನ ಲೀಗ್ ಆ ಲೆಕ್ಕಕ್ಕೆ ಸೇರಿಸುವುದಿಲ್ಲ. ನಿಮ್ಮ ಪಾಸ್‌ಪೋರ್ಟ್‌ಗೆ ಇಂಥ ಅನುಕೂಲ ಎಲ್ಲಿದೆ ಎಂದು ಹುಡುಕಲು ಒಂದು ವಾರ ಕೂತರೂ ನಷ್ಟವಿಲ್ಲ.

ಸಮಯವನ್ನೂ ನೋಡಿ. ಯುರೋಪಿನ ಹೆಚ್ಚಿನ ಲೀಗ್‌ಗಳು ಆಗಸ್ಟ್ ಹೊತ್ತಿಗೆ ಶುರುವಾಗುತ್ತವೆ. ಅವರ ತಯಾರಿ, ಟ್ರಯಲ್ (ಹೊಸಬರನ್ನು ಆಡಿಸಿ ನೋಡುವುದು) ಎಲ್ಲ ಜುಲೈನಲ್ಲಿ. ಆದರೆ ಸ್ವೀಡನ್, ನಾರ್ವೆ, ಫಿನ್‌ಲೆಂಡ್, ಐಸ್‌ಲೆಂಡ್, ಐರ್ಲೆಂಡ್‌ಗಳಲ್ಲಿ ಸೀಸನ್ ನಡೆಯುವುದು ವಸಂತದಿಂದ ಶರತ್ಕಾಲದವರೆಗೆ. ಅವರು ಹೊಸಬರನ್ನು ನೋಡುವುದು ಜನವರಿಯಿಂದ ಮಾರ್ಚ್‌ವರೆಗೆ. ಅಕ್ಟೋಬರ್‌ನಲ್ಲಿ ಮೇಲ್ ಕಳಿಸಿದರೆ ಯಾರಿಗೂ ಬೇಡದ ಹೊತ್ತಿನಲ್ಲಿ ಕಳಿಸಿದಂತೆ.

ವಿಡಿಯೊ ನಾಲ್ಕು ನಿಮಿಷ ಮೀರುವುದು ಬೇಡ. ಹಿನ್ನೆಲೆ ಹಾಡು ಬೇಡವೇ ಬೇಡ. ಪ್ರತಿ ತುಣುಕಿನ ಶುರುವಿನಲ್ಲಿ ನೀವು ಯಾರೆಂದು ಬಾಣದ ಗುರುತು ಹಾಕಿ. ಜೊತೆಗೆ ಎರಡು ಪೂರ್ತಿ ಪಂದ್ಯಗಳ ಲಿಂಕ್ ಕೊಡಿ, ಅದರಲ್ಲಿ ಒಂದು ನಿಮ್ಮ ತಂಡ ಸೋತದ್ದಿರಲಿ. ತಂಡ ಹಿಂದೆ ಬಿದ್ದಾಗ ನೀವು ಹೇಗೆ ಓಡುತ್ತೀರಿ ಎಂಬುದು ಆಟಗಾರರನ್ನು ಹುಡುಕುವ ಸ್ಕೌಟ್‌ಗಳಿಗೆ ನಿಮ್ಮ ಗೋಲಿಗಿಂತ ಮುಖ್ಯ.

ದೊಡ್ಡವರ ಶಿಫಾರಸು ನೆಚ್ಚಿಕೊಳ್ಳಬೇಡಿ. 1996ರಲ್ಲಿ ಇಂಗ್ಲೆಂಡ್‌ನ ಸೌತಾಂಪ್ಟನ್ ಕ್ಲಬ್‌ಗೆ ಆಗಿನ ಖ್ಯಾತ ಆಟಗಾರ ಜಾರ್ಜ್ ವೇಯಾ ಹೆಸರಿನಲ್ಲಿ ಒಂದು ಫೋನ್ ಬಂತು, ‘ನನ್ನ ಸಂಬಂಧಿ ಅಲಿ ದಿಯಾ ಒಳ್ಳೆಯ ಆಟಗಾರ’ ಎಂದು. ಫೋನ್ ಸುಳ್ಳು, ಸಂಬಂಧವೂ ಸುಳ್ಳು. ಆದರೂ ಆತ ಲೀಡ್ಸ್ ವಿರುದ್ಧ ಬದಲಿ ಆಟಗಾರನಾಗಿ ಮೈದಾನಕ್ಕೆ ಇಳಿದೇಬಿಟ್ಟ, ಪಂದ್ಯ ಮುಗಿಯುವ ಮೊದಲೇ ಕೋಚ್ ಅವನನ್ನು ಹೊರಗೆ ಕರೆಸಿಕೊಂಡರು. ಫುಟ್‌ಬಾಲ್ ಜನ ಈ ಕತೆಯನ್ನು ಇವತ್ತಿಗೂ ನಗುತ್ತಾ ಹೇಳುತ್ತಾರೆ, ಮತ್ತೆ ಹಾಗೆ ಮೋಸಹೋಗಲು ಮಾತ್ರ ಯಾರೂ ತಯಾರಿಲ್ಲ.

ಪ್ರಶ್ನೆ: ಒಬ್ಬ ಏಜೆಂಟ್ ಮೆಸೇಜ್ ಮಾಡಿದ್ದಾರೆ. ಎರಡು ವಾರದ ಟ್ರಯಲ್ ‘ಗ್ಯಾರಂಟಿ’ಯಂತೆ. ಮೊದಲೇ ದುಡ್ಡು ಕಟ್ಟಬೇಕಂತೆ. ನಂಬಬಹುದೇ?

ಉತ್ತರ: ಬೇಡ.

ಆಟಗಾರ ಒಪ್ಪಂದಕ್ಕೆ ಸಹಿ ಹಾಕಿದ ಮೇಲೆ ಅವನ ಸಂಬಳದಲ್ಲಿ ಒಂದು ಪಾಲು ಪಡೆಯುವುದು ನಿಜವಾದ ಏಜೆಂಟ್‌ನ ಸಂಪಾದನೆ. ಟ್ರಯಲ್‌ಗೇ ದುಡ್ಡು ಕೇಳುವವನಿಗೆ ನೀವು ಗೆದ್ದರೂ ಸೋತರೂ ಒಂದೇ. 2023ರ ಅಕ್ಟೋಬರ್‌ನಿಂದ ಏಜೆಂಟ್ ಕೆಲಸಕ್ಕೆ ಫಿಫಾ ಲೈಸೆನ್ಸ್ ಬೇಕು. ಅದಕ್ಕೆ ಪರೀಕ್ಷೆಯೂ ಇದೆ. ಲೈಸೆನ್ಸ್ ಇದ್ದವರ ಪಟ್ಟಿ ಫಿಫಾ ಜಾಲತಾಣದಲ್ಲೇ ಸಿಗುತ್ತದೆ. ಹೆಸರು ಇಲ್ಲದಿದ್ದರೆ ಮಾತು ಅಲ್ಲಿಗೇ ಮುಗಿಸಿ. ಇದ್ದರೂ ಸುಮ್ನೆ ಕೂರಬೇಡಿ, ಬೇರೆಯವರ ಹೆಸರು ಹೇಳಿಕೊಂಡು ಬರುವವರೂ ಇದ್ದಾರೆ. ಆಹ್ವಾನ ಪತ್ರ ಕ್ಲಬ್‌ನ ಸ್ವಂತ ಇಮೇಲ್ ವಿಳಾಸದಿಂದ ಬಂದಿದೆಯೇ ನೋಡಿ. ಪತ್ರದಲ್ಲಿರುವ ಫೋನ್ ನಂಬರ್ ಬಿಟ್ಟು, ಕ್ಲಬ್‌ನ ಜಾಲತಾಣದಲ್ಲಿರುವ ನಂಬರ್‌ಗೆ ಕರೆ ಮಾಡಿ ಕೇಳಿ. ಹೌದು, ನಮ್ಮ ಕೋಚ್ ಕರೆದಿದ್ದಾರೆ ಎಂದು ಅವರ ಬಾಯಿಂದ ಬರಬೇಕು.

ಇದು ಬರೀ ದುಡ್ಡು ಹೋಗುವ ಮಾತಲ್ಲ. 2015ರಲ್ಲಿ ಲಾವೋಸ್‌ನ ಒಂದು ಅಕಾಡೆಮಿಗೆಂದು ಪಶ್ಚಿಮ ಆಫ್ರಿಕಾದಿಂದ ಎಳೆಯ ಹುಡುಗರನ್ನು ಕರೆದೊಯ್ದ ಸುದ್ದಿ ಬಯಲಾಯಿತು. ಅದು ನೋಂದಾಯಿತ ಅಕಾಡೆಮಿಯೇ ಆಗಿರಲಿಲ್ಲ. ಬಿಡಿಸಿ ತರಲು ಆಟಗಾರರ ಸಂಘ ಫಿಫ್‌ಪ್ರೊ ಮಧ್ಯೆ ಬರಬೇಕಾಯಿತು. ಯಾರೇ ಕೇಳಲಿ, ಪಾಸ್‌ಪೋರ್ಟ್ ಕೈಬಿಡಬೇಡಿ. ವಾಪಸ್ ಟಿಕೆಟ್ ನಿಮ್ಮ ಹತ್ತಿರವೇ ಇರಲಿ.

ಪ್ರಶ್ನೆ: ನನ್ನ ಮಗನಿಗೆ 15. ಚೆನ್ನಾಗಿ ಆಡುತ್ತಾನೆ. ಈಗಲೇ ಹೊರದೇಶದ ಕ್ಲಬ್‌ಗೆ ಸೇರಿಸಬಹುದೇ?

ಉತ್ತರ: ಆಗುವುದಿಲ್ಲ. 18 ತುಂಬದ ಆಟಗಾರರನ್ನು ಒಂದು ದೇಶದಿಂದ ಇನ್ನೊಂದು ದೇಶದ ಕ್ಲಬ್‌ಗೆ ವರ್ಗಾಯಿಸುವಂತಿಲ್ಲ. ಫಿಫಾ ವರ್ಗಾವಣೆ ನಿಯಮದ 19ನೇ ವಿಧಿ ಇದು. ಕೆಲವು ವಿನಾಯಿತಿಗಳಿವೆ. ತಂದೆ ತಾಯಿ ಫುಟ್‌ಬಾಲ್‌ಗೆ ಸಂಬಂಧ ಇಲ್ಲದ ಕಾರಣಕ್ಕೆ ಆ ದೇಶಕ್ಕೆ ಹೋಗಿ ನೆಲೆಸಿದ್ದರೆ ಆಗಬಹುದು. ಯುರೋಪ್ ಒಕ್ಕೂಟದ ಒಳಗಿನ ವರ್ಗಾವಣೆಯಾದರೆ 16 ದಾಟಿದವರಿಗೆ ಅವಕಾಶ ಇದೆ. ಮನೆಯೂ ಕ್ಲಬ್ಬೂ ಗಡಿಯಿಂದ 50 ಕಿಲೋಮೀಟರ್ ಒಳಗಿದ್ದರೂ ಆಗುತ್ತದೆ. ‘ನೀವು ಅಲ್ಲಿ ಒಂದು ಕೆಲಸ ಹಿಡಿದಂತೆ ಕಾಗದ ಮಾಡಿಸೋಣ’ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಈ ಅರ್ಜಿಗಳನ್ನು ಫಿಫಾ ತಾನೇ ಪರಿಶೀಲಿಸುತ್ತದೆ. ಬಾರ್ಸಿಲೋನಾದಂಥ ಕ್ಲಬ್ಬೇ ಈ ನಿಯಮ ಮುರಿದು 2015ರ ಎರಡು ವರ್ಗಾವಣೆ ಅವಧಿಗಳಲ್ಲಿ ಹೊಸ ಆಟಗಾರರನ್ನು ನೋಂದಾಯಿಸಲಾಗದೆ ಕೂತಿತ್ತು.

ಮಗ ಇನ್ನು ಮೂರು ವರ್ಷ ಇದ್ದಲ್ಲೇ ಒಳ್ಳೆಯ ಪಂದ್ಯಗಳನ್ನು ಆಡಲಿ. ಜೊತೆಗೆ ಒಂದು ಭಾಷೆ ಕಲಿಯಲಿ.

ಪ್ರಶ್ನೆ: ನಾನು ಸೆಂಟರ್ ಬ್ಯಾಕ್, ರಕ್ಷಣೆಯ ನಡುವೆ ಆಡುವವಳು. ನಾರ್ವೆಯ ಒಂದು ಮಹಿಳಾ ತಂಡದಿಂದ ಒಂದು ವಾರದ ಟ್ರಯಲ್‌ಗೆ ಕರೆ ಬಂದಿದೆ. ಅಲ್ಲಿ ಏನನ್ನು ನೋಡುತ್ತಾರೆ?

ಉತ್ತರ: ಅಭಿನಂದನೆಗಳು. ಎರಡು ಮೂರು ದಿನ ಮೊದಲೇ ಹೋಗಿ ನಿದ್ದೆ ಸರಿಮಾಡಿಕೊಳ್ಳಿ. ವಿಮಾನ ಇಳಿದ ಮರುದಿನವೇ ಓಟದ ಪರೀಕ್ಷೆ ಕೊಟ್ಟು ಸೋತವರು ತುಂಬಾ ಜನ. ಅಲ್ಲಿನ ಮೈದಾನಗಳಲ್ಲಿ ಕೃತಕ ಹುಲ್ಲು ಜಾಸ್ತಿ, ಅದಕ್ಕೆ ಹೊಂದುವ ಬೂಟು ಮೊದಲೇ ಹಾಕಿ ಪಳಗಿಸಿಕೊಳ್ಳಿ. ಇಸಿಜಿ ವರದಿ, ಹಳೆಯ ಗಾಯಗಳ ದಾಖಲೆ, ವಿಮೆ ಕೈಯಲ್ಲಿರಲಿ. ಟ್ರಯಲ್‌ನಲ್ಲಿ ಮೊಣಕಾಲು ಹೋದರೆ ಖರ್ಚು ಯಾರದ್ದು ಎಂದು ಹೋಗುವ ಮೊದಲೇ ಬರವಣಿಗೆಯಲ್ಲಿ ಕೇಳಿ. ಮುಜುಗರ ಬೇಡ, ಕ್ಲಬ್‌ಗಳಿಗೆ ಈ ಪ್ರಶ್ನೆ ಹೊಸದಲ್ಲ.

ಮೊದಲ ದಿನ ಬಹುಶಃ ರೊಂಡೊ, ಅಂದರೆ ಸುತ್ತ ನಿಂತು ಪಾಸ್ ಮಾಡುವ ಆಟ. ಮತ್ತೆ ನಾಲ್ವರ ವಿರುದ್ಧ ನಾಲ್ವರ ಚಿಕ್ಕ ಪಂದ್ಯಗಳು. ಅಲ್ಲಿ ಕೋಚ್ ನಿಮ್ಮ ಕಾಲಿಗಿಂತ ಕತ್ತನ್ನು ನೋಡುತ್ತಾರೆ. ಚೆಂಡು ಬರುವ ಮೊದಲು ಎರಡೂ ಕಡೆ ತಿರುಗಿ ನೋಡಿದಿರಾ? ಬಂದ ಚೆಂಡನ್ನು ಒಂದೇ ಮುಟ್ಟಿಗೆ ಆಟ ತೆರೆಯುವ ಕಡೆಗೆ ಹಾಕಿದಿರಾ? ಕಳೆದುಕೊಂಡ ಮೇಲಿನ ಮೂರು ಸೆಕೆಂಡ್ ಏನು ಮಾಡಿದಿರಿ? ಕೈ ಚೆಲ್ಲಿ ನಿಂತಿರೋ, ಹಿಂದೆ ಓಡಿದಿರೋ?

ಸೆಂಟರ್ ಬ್ಯಾಕ್‌ಗೆ ಬಾಯಿಯೂ ಬೇಕು. ‘ಹಿಂದೆ ಎದುರಾಳಿ ಇದ್ದಾಳೆ’, ‘ತಿರುಗು’, ‘ಸಮಯ ಇದೆ’, ‘ಮೇಲೆ ಹೋಗಿ’, ಈ ನಾಲ್ಕಾರು ಕೂಗುಗಳನ್ನು ಅಲ್ಲಿನ ಭಾಷೆಯಲ್ಲೇ ಕಲಿತು ಹೋಗಿ. ಸುಮ್ಮನಿರುವ ಡಿಫೆಂಡರ್ ಎಷ್ಟೇ ಚೆನ್ನಾಗಿ ತಡೆದರೂ ಕೋಚ್‌ಗೆ ಧೈರ್ಯ ಬರುವುದಿಲ್ಲ. ಇನ್ನೊಂದು ಕಹಿ ಮಾತು. ಕೆಲವರು ನಿಮಗೆ ಬೇಕೆಂದೇ ಪಾಸ್ ಕೊಡುವುದಿಲ್ಲ. ನೀವು ಬಂದಿರುವುದು ಅವರಲ್ಲೊಬ್ಬರ ಜಾಗಕ್ಕೆ ಅಲ್ವಾ? ಸಿಟ್ಟಾಗಬೇಡಿ. ಚೆಂಡನ್ನು ಕಿತ್ತುಕೊಂಡರೆ ಯಾರೂ ಪಾಸ್ ಕೊಡಬೇಕಿಲ್ಲ, ನಿಮ್ಮ ಸ್ಥಾನಕ್ಕೆ ಅದೊಂದು ಅನುಕೂಲ.

ಪ್ರಶ್ನೆ: ನನಗೆ 20. ಟ್ರಯಲ್ ಪಾಸಾದೆ. ಕೋಚ್ ಕೈ ಕುಲುಕಿದರು. ವಾರದ ನಂತರ ಕ್ಲಬ್‌ನಿಂದ ‘ಕ್ಷಮಿಸಿ, ತರಬೇತಿ ಪರಿಹಾರದ ತೊಂದರೆ’ ಎಂದು ಮೇಲ್ ಬಂತು. ಹೀಗೆಂದರೇನು?

ಉತ್ತರ: ಇದು ತುಂಬಾ ಜನರಿಗೆ ಕೊನೇ ಗಳಿಗೆಯಲ್ಲೇ ಗೊತ್ತಾಗುವ ವಿಷಯ. ಆಟಗಾರ ಮೊದಲ ಬಾರಿಗೆ ವೃತ್ತಿಪರ ಒಪ್ಪಂದಕ್ಕೆ ಸಹಿ ಹಾಕಿದಾಗ, 12ನೇ ವಯಸ್ಸಿನಿಂದ ಅವನನ್ನು ಬೆಳೆಸಿದ ಕ್ಲಬ್‌ಗಳಿಗೆ ಹೊಸ ಕ್ಲಬ್ ದುಡ್ಡು ಕೊಡಬೇಕು. 23 ತುಂಬುವ ವರ್ಷದ ಡಿಸೆಂಬರ್ ಕೊನೆಯವರೆಗೂ ಈ ನಿಯಮ ಇರುತ್ತದೆ. ತರಬೇತಿಗೆ ಎಷ್ಟು ಖರ್ಚಾಗುತ್ತದೆ ಎಂದು ನೋಡಿ ಕ್ಲಬ್‌ಗಳನ್ನು ನಾಲ್ಕು ವರ್ಗಗಳಾಗಿ ವಿಂಗಡಿಸಿದ್ದಾರೆ, ಹೊಸ ಕ್ಲಬ್ ಯಾವ ವರ್ಗದ್ದೋ ಅದರ ಮೇಲೆ ಮೊತ್ತ ನಿಂತಿದೆ. ಯುರೋಪಿನ ಮೂರನೇ ವರ್ಗದ ಕ್ಲಬ್ ಆದರೆ ವರ್ಷಕ್ಕೆ 30,000 ಯುರೋ. ನೀವು 16ರಿಂದ 19ರವರೆಗೆ ನಾಲ್ಕು ಸೀಸನ್ ಒಂದೇ ಕ್ಲಬ್‌ನಲ್ಲಿದ್ದರೆ ಅದಕ್ಕೇ 1,20,000 ಯುರೋ ಆಯಿತು. ಅದಕ್ಕಿಂತ ಎಳೆಯ ವಯಸ್ಸಿನ ವರ್ಷಗಳಿಗೆ ದರ ಕಡಿಮೆ, ಆದರೂ ಸೇರುತ್ತದೆ. ನಿಮ್ಮನ್ನು ಪುಕ್ಕಟೆ ಸಿಗುವ ಆಟಗಾರ ಎಂದುಕೊಂಡಿದ್ದ ಚಿಕ್ಕ ಕ್ಲಬ್‌ಗೆ ಈ ಮೊತ್ತ ಕಂಡಾಗ ತಲೆ ತಿರುಗುತ್ತದೆ.

ದಾರಿ ಇದೆ. ನೀವು ಆಡಿದ ಹಳೆಯ ಕ್ಲಬ್‌ಗಳಿಗೆ ಹೋಗಿ, ‘ಈ ಆಟಗಾರನ ಪರಿಹಾರ ನಮಗೆ ಬೇಡ’ ಎಂದು ಬರೆಸಿಕೊಳ್ಳಿ. ಅಧಿಕಾರ ಇರುವವರ ಸಹಿ, ಮೊಹರು, ತಾರೀಕು ಇರಲಿ. ಪೂರ್ತಿ ಬೇಡ ಎನ್ನಲು ಒಪ್ಪದಿದ್ದರೆ ಒಂದು ಚಿಕ್ಕ ಮೊತ್ತಕ್ಕೆ ಒಪ್ಪಿಸಬಹುದು. ಅವರು ಕೇಳುವುದು ತಪ್ಪೇನಲ್ಲ, ನಿಮ್ಮನ್ನು ಬೆಳೆಸಿದವರು ಅವರೇ. ನಾಲ್ಕನೇ ವರ್ಗದ ಕ್ಲಬ್ ಸೇರುವುದಾದರೆ ಈ ಪರಿಹಾರವೇ ಬರುವುದಿಲ್ಲ. ಈ ಪತ್ರಗಳನ್ನು ಟ್ರಯಲ್‌ಗೆ ಹೋಗುವಾಗಲೇ ಕಡತದಲ್ಲಿ ಇಟ್ಟುಕೊಂಡು ಹೋದ ಹುಡುಗನನ್ನು ಕ್ಲಬ್ ಬೇರೆಯೇ ಕಣ್ಣಿನಿಂದ ನೋಡುತ್ತದೆ. ನಿಮ್ಮ ಕ್ಲಬ್‌ಗೆ ಇವತ್ತೇ ಬರೆಯಿರಿ. ವರ್ಗಾವಣೆ ಅವಧಿ ಮುಗಿದಿಲ್ಲವಾದರೆ ಇನ್ನೂ ಕಾಲ ಮಿಂಚಿಲ್ಲ.

ಪ್ರಶ್ನೆ: ಟ್ರಯಲ್‌ಗೆ ವಿಸಿಟರ್ ವೀಸಾ ಸಾಕೇ?

ಉತ್ತರ: ದೇಶ ನೋಡಿ ಹೇಳಬೇಕು. ಬ್ರಿಟನ್‌ನಲ್ಲಿ ಸಾಕು, ಆದರೆ ಟಿಕೆಟ್ ಕೊಂಡು ಬಂದ ಪ್ರೇಕ್ಷಕರ ಮುಂದೆ ಆಡುವಂತಿಲ್ಲ. ಕ್ಲಬ್‌ನವರು ನಿಮ್ಮನ್ನು ಫ್ರೆಂಡ್ಲಿ ಪಂದ್ಯಕ್ಕೆ ಇಳಿಸಲು ಹೊರಟರೆ, ಅದಕ್ಕೆ ಟಿಕೆಟ್ ಇದೆಯೇ ಎಂದು ನೀವೇ ಕೇಳಿ. ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ಷೆಂಗೆನ್ ದೇಶಗಳಲ್ಲಿ 180 ದಿನಗಳಲ್ಲಿ 90 ದಿನ ಮಾತ್ರ ಇರಬಹುದು. ಎರಡು ಮೂರು ದೇಶಗಳಲ್ಲಿ ಟ್ರಯಲ್ ಇದ್ದರೂ ಆ 90 ಒಂದೇ ಲೆಕ್ಕ. ಅರ್ಜಿಯಲ್ಲಿ ಪ್ರವಾಸ ಎಂದು ಬರೆದು ಬೂಟು ಹೊತ್ತು ಹೋಗಬೇಡಿ. ಉದ್ದೇಶ ಇದ್ದಂತೆ ಬರೆಯಿರಿ, ಕ್ಲಬ್‌ನ ಪತ್ರ ಜೊತೆಗಿಡಿ. ಆಯ್ಕೆಯಾದರೂ ಸಾಮಾನ್ಯವಾಗಿ ವಾಪಸ್ ಬಂದು, ಇಲ್ಲಿಂದಲೇ ಕೆಲಸದ ವೀಸಾಗೆ ಅರ್ಜಿ ಹಾಕಬೇಕಾಗುತ್ತದೆ. ಆ ಎರಡನೇ ಪ್ರಯಾಣದ ಖರ್ಚನ್ನು ಕ್ಲಬ್ ಕೊಡುತ್ತದೆಯೇ ಎಂದು ಸಹಿ ಹಾಕುವ ಮೊದಲೇ ಕೇಳಿ.