ಎಚ್‌ಪಿವಿ ಭಯ: ಕನ್ನಡಿ, ಟಾರ್ಚ್ ಬದಿಗಿಡಿ

ಪ್ರಶ್ನೆ: ನನಗೆ 34 ವರ್ಷ. ಎರಡು ವರ್ಷಗಳ ಹಿಂದೆ ಒಬ್ಬರೊಂದಿಗೆ ಮುಖಮೈಥುನ ನಡೆದಿತ್ತು. ಅದರಿಂದ ಎಚ್‌ಪಿವಿ (ಹ್ಯೂಮನ್ ಪ್ಯಾಪಿಲೋಮಾ ವೈರಸ್) ತಗುಲಿ ಗಂಟಲು ಕ್ಯಾನ್ಸರ್ ಬರಬಹುದೆಂದು ಓದಿದಂದಿನಿಂದ ನಿದ್ದೆಯಿಲ್ಲ. ದಿನಕ್ಕೆ ಹತ್ತು ಸಲ ಟಾರ್ಚ್ ಹಿಡಿದು ಬಾಯಿ ನೋಡಿಕೊಳ್ಳುತ್ತೇನೆ. ನಾಲಿಗೆಯ ತೀರಾ ಹಿಂದೆ ಗುಳ್ಳೆಗಳ ಸಾಲಿದೆ. ಗಂಟಲಲ್ಲಿ ಏನೋ ಸಿಕ್ಕಿಕೊಂಡಂತಿದೆ. ಕತ್ತು ಒತ್ತಿ ಒತ್ತಿ ನೋವೂ ಶುರುವಾಗಿದೆ. ಬಾಯಿಯ ಎಚ್‌ಪಿವಿ ಪರೀಕ್ಷೆ ಮಾಡಿಸಲೇ?

ಉತ್ತರ: ಮೊದಲು ಆ ಗುಳ್ಳೆಗಳ ವಿಷಯ. ನಾಲಿಗೆಯ ಹಿಂಭಾಗದಲ್ಲಿ ಎಂಟರಿಂದ ಹನ್ನೆರಡು ದುಂಡನೆಯ ಉಬ್ಬುಗಳು ‘ವಿ’ ಆಕಾರದಲ್ಲಿ ಸಾಲುಗಟ್ಟಿರುತ್ತವೆ. ಪ್ರತಿಯೊಂದರ ಸುತ್ತ ಸಣ್ಣ ಕಾಲುವೆಯಂಥ ತಗ್ಗು. ಇವು ರುಚಿ ತಿಳಿಸುವ ಅಂಗಗಳು, ಎಲ್ಲರ ನಾಲಿಗೆಯಲ್ಲೂ ಇವೆ. ನಾಲಿಗೆಯನ್ನು ಅಷ್ಟು ಹೊರಚಾಚಿ ನೋಡದವರಿಗೆ ಕಾಣುವುದಿಲ್ಲ, ಅಷ್ಟೆ. ನೀವು ಹೇಳುವ ಸಾಲು ಹೀಗೇ ಇದ್ದರೆ ಅದು ರೋಗವಲ್ಲ.

ಗಂಟಲಲ್ಲಿ ಸಿಕ್ಕಿಕೊಂಡ ಭಾವನೆ ಊಟ ಮಾಡುವಾಗ ಮಾಯವಾಗಿ, ಬರೀ ಉಗುಳು ನುಂಗುವಾಗ ಮರಳುತ್ತದೆಯೇ, ಗಮನಿಸಿ. ಹಾಗಿದ್ದರೆ ಸಾಮಾನ್ಯವಾಗಿ ಕಾರಣ ಬಿಗಿಹಿಡಿದ ಗಂಟಲ ಸ್ನಾಯು ಅಥವಾ ಮೇಲೇರುವ ಹೊಟ್ಟೆಯ ಆಮ್ಲ. ಊಟದ ತುತ್ತೇ ಸಿಕ್ಕಿಕೊಳ್ಳುತ್ತಿದ್ದರೆ ಮಾತ್ರ ಬೇರೆ ಮಾತು. ಕತ್ತಿನ ನೋವಿಗೆ ನಿಮ್ಮ ಬೆರಳುಗಳೇ ಸಾಕು: ಪದೇಪದೇ ಒತ್ತಿದರೆ ಅಲ್ಲಿನ ಸಹಜ ಗ್ರಂಥಿಗಳೂ ನೋಯುತ್ತವೆ.

ಇನ್ನು ಸೋಂಕು. ಎಚ್‌ಪಿವಿಯಲ್ಲಿ ನೂರಕ್ಕೂ ಹೆಚ್ಚು ಬಗೆಗಳಿವೆ, ಅವಕ್ಕೆ ಸಂಖ್ಯೆಗಳೇ ಹೆಸರು. 6 ಮತ್ತು 11 ನರುಲಿ ತರುತ್ತವೆ. ಗಂಟಲು ಕ್ಯಾನ್ಸರ್‌ಗೆ ಮುಖ್ಯವಾಗಿ ಕಾರಣವಾಗುವುದು 16. ಅಮೆರಿಕದಲ್ಲಿ 2009–10ರಲ್ಲಿ ನಡೆದ ದೊಡ್ಡ ಸಮೀಕ್ಷೆಯಲ್ಲಿ ನೂರಕ್ಕೆ ಸುಮಾರು ಏಳು ಜನರ ಬಾಯಲ್ಲಿ ಯಾವುದೋ ಒಂದು ಎಚ್‌ಪಿವಿ ಸಿಕ್ಕಿತ್ತು, 16 ಸಿಕ್ಕಿದ್ದು ನೂರಕ್ಕೆ ಒಬ್ಬರಲ್ಲಿ. ಅದು ತಗುಲಿದರೂ ಹೆಚ್ಚಿನವರಲ್ಲಿ ಒಂದೆರಡು ವರ್ಷದಲ್ಲಿ ದೇಹವೇ ಹೊರಹಾಕುತ್ತದೆ. ವರ್ಷಗಟ್ಟಲೆ ಉಳಿದುಬಿಟ್ಟ ಕೆಲವರಲ್ಲೂ ಕ್ಯಾನ್ಸರ್ ಆಗುವುದು ಕೆಲವರಿಗೆ ಮಾತ್ರ, ಅದೂ ಸಾಮಾನ್ಯವಾಗಿ ದಶಕಗಳ ನಂತರ.

ಪರೀಕ್ಷೆ ಬೇಡ. ಗರ್ಭಕೊರಳಿನಲ್ಲಿ ಕ್ಯಾನ್ಸರ್‌ಗೆ ಮುಂಚಿನ ಬದಲಾವಣೆಯನ್ನು ಕೆರೆದು ತೆಗೆದ ಜೀವಕೋಶಗಳಲ್ಲಿ ಹಿಡಿಯಬಹುದು. ಗಂಟಲಲ್ಲಿ ಹಾಗಾಗದು: ಟಾನ್ಸಿಲ್‌ನ ಮೈಯಲ್ಲಿ ಆಳವಾದ ಸಂದುಗಳಿವೆ, ರೋಗ ಹುಟ್ಟುವುದು ಆ ಸಂದುಗಳ ತಳದಲ್ಲಿ. ಹತ್ತಿಕಡ್ಡಿಯಾಗಲಿ ಬಾಯಿ ಮುಕ್ಕಳಿಸಿದ ನೀರಾಗಲಿ ಅಲ್ಲಿಯ ಸುದ್ದಿ ತರುವುದಿಲ್ಲ. ‘ಇದೆ’ ಎಂದು ಬಂದರೆ ವೈರಸ್‌ಗೆ ಮದ್ದಿಲ್ಲ, ‘ಇಲ್ಲ’ ಎಂದು ಬಂದರೂ ಖಾತರಿಯಿಲ್ಲ. ನಿಮಗೆ ಉಳಿಯುವುದು ಇನ್ನಷ್ಟು ಚಿಂತೆ.

ವೈದ್ಯರಿಗೆ ತೋರಿಸಬೇಕಾದ ಲಕ್ಷಣ ಯಾವುದು? ಮೂರು ವಾರ ದಾಟಿದ್ದು, ಒಂದೇ ಬದಿಯದ್ದು: ಈ ಎರಡನ್ನು ನೆನಪಿಡಿ. ಒಂದೇ ಬದಿಯ ಗಂಟಲು ನೋವು ಅಥವಾ ಕಿವಿನೋವು, ಒಂದೇ ಟಾನ್ಸಿಲ್ ದಪ್ಪಗಾಗುವುದು, ಕತ್ತಿನಲ್ಲಿ ನೋವಿಲ್ಲದ ಗಂಟು. ಬದಿ ಯಾವುದೇ ಇರಲಿ, ಧ್ವನಿ ಬದಲಾದರೆ, ಉಗುಳಿನಲ್ಲಿ ರಕ್ತ ಬಂದರೆ ಕೂಡ ತೋರಿಸಬೇಕು. ನೋವಿಲ್ಲದ ಗಂಟೇ ಎಷ್ಟೋ ಸಲ ಮೊದಲ ಲಕ್ಷಣ. ಜನ ಎಡವುವುದೂ ಇಲ್ಲೇ: ಸೋಂಕೆಂದು ಆಂಟಿಬಯಾಟಿಕ್ ನುಂಗಿ, ಇಳಿಯದಿದ್ದರೆ ಮತ್ತೊಂದು ಕೋರ್ಸ್ ನುಂಗಿ ತಿಂಗಳುಗಳನ್ನು ಕಳೆಯುತ್ತಾರೆ. ಇಳಿಯದ ಗಂಟಿಗೆ ಬೇಕಾದದ್ದು ಸ್ಕ್ಯಾನ್ ಮತ್ತು ಸೂಜಿ ಪರೀಕ್ಷೆ.

ನೀವು ಒಂದು ಸಲ ಕಿವಿ-ಮೂಗು-ಗಂಟಲು ತಜ್ಞರನ್ನು ಕಾಣಿ, ಭಯದ ಕಾರಣವನ್ನು ಮುಚ್ಚಿಡದೆ ಹೇಳಿ. ಮೂಗಿನ ಮೂಲಕ ತೆಳು ಕೊಳವೆ ಇಳಿಸಿ ನಾಲಿಗೆಯ ಬುಡ ನೋಡುವುದು ಕೆಲವೇ ನಿಮಿಷದ ಕೆಲಸ. ಅಲ್ಲಿ ಏನೂ ಇಲ್ಲವೆಂದಾದರೆ ಟಾರ್ಚ್ ನಿಲ್ಲಲಿ. ಒಮ್ಮೆಗೇ ಆಗದಿದ್ದರೆ ಹತ್ತು ಸಲದಿಂದ ಎರಡಕ್ಕೆ, ಆಮೇಲೆ ವಾರಕ್ಕೊಮ್ಮೆಗೆ ಇಳಿಸಿ. ಪ್ರತಿ ನೋಟ ಅರ್ಧ ಗಂಟೆಯ ನೆಮ್ಮದಿ ಕೊಟ್ಟು ಮುಂದಿನ ನೋಟಕ್ಕೆ ದೂಡುತ್ತದೆ. ಭಯ ಬೆಳೆಯುವುದೇ ಹಾಗೆ. ಆಗಲೂ ನಿದ್ದೆ ಬಾರದಿದ್ದರೆ ಮನೋವೈದ್ಯರನ್ನು ಕಾಣಿ, ಆರೋಗ್ಯದ ಆತಂಕಕ್ಕೆ ಒಳ್ಳೆಯ ಚಿಕಿತ್ಸೆ ಇದೆ. ತಂಬಾಕಿನ ಅಭ್ಯಾಸವಿದ್ದರೆ ದಯವಿಟ್ಟು ಬಿಡಿ.

ಪ್ರಶ್ನೆ: 40 ದಾಟಿದವರಿಗೆ ಎಚ್‌ಪಿವಿ ಲಸಿಕೆಯಿಂದ ಉಪಯೋಗವೇ?

ಉತ್ತರ: ಈಗಾಗಲೇ ಇರುವ ಸೋಂಕನ್ನು ಅದು ಕಳೆಯುವುದಿಲ್ಲ. 45ರವರೆಗೆ ವೈದ್ಯರೊಂದಿಗೆ ಚರ್ಚಿಸಿ ಹಾಕಿಸಿಕೊಳ್ಳಬಹುದು, ಲಾಭ ಕಡಿಮೆ. ನಿಜವಾದ ಲಾಭ 9ರಿಂದ 14 ವರ್ಷದ ಮಕ್ಕಳಿಗೆ: ಸಾಮಾನ್ಯವಾಗಿ ಆರು ತಿಂಗಳ ಅಂತರದಲ್ಲಿ ಎರಡು ಡೋಸ್. 15 ದಾಟಿದರೆ ಆರು ತಿಂಗಳಲ್ಲಿ ಮೂರು. ಗಂಡುಮಕ್ಕಳಿಗೂ ಹಾಕಿಸಿ, ಈ ಗಂಟಲು ಕ್ಯಾನ್ಸರ್ ಗಂಡಸರಲ್ಲೇ ಹೆಚ್ಚು.