ಪಿಸ್ತೂಲ್ ಗುಂಡು ಸಿಗದ ಕಾಲ ಬಂದರೆ ಹವ್ಯಾಸಕ್ಕೆ ಶೂಟಿಂಗ್ ಮಾಡುವವರು ಏನು ಮಾಡಬೇಕು?

ಅಮೆರಿಕಕ್ಕೆ ಬಂದು ಆರು ವರ್ಷ ಆಯ್ತು, ಈಚೆಗೆ 9 ಎಂಎಂ ಪಿಸ್ತೂಲಿನ ಹುಚ್ಚು ಹಿಡಿದಿದೆ ಎಂದು ಬರೆದಿದ್ದೀರಿ. ಶೂಟಿಂಗ್ ಅಭ್ಯಾಸ ಮಾಡುವ ರೇಂಜ್‌ನಲ್ಲಿ ಹಳಬರು 2020–21ರ ಗುಂಡಿನ ಬರದ ಕಥೆ ಹೇಳಿ ಹೆದರಿಸಿದ್ದಾರೆ. ಮತ್ತೆ ಹಾಗಾದರೆ ಏನು ಮಾಡೋದು, ಈಗಲೇ ಸಾವಿರಗಟ್ಟಲೆ ಕೊಂಡು ಪೇರಿಸಬೇಕಾ ಅನ್ನೋದು ನಿಮ್ಮ ಪ್ರಶ್ನೆ.

ಮೊದಲು ಒಂದು ಮಾತು, ಬೇಜಾರು ಮಾಡ್ಕೋಬೇಡಿ. ನೀವಿನ್ನೂ ಎಚ್-1ಬಿಯಲ್ಲಿದ್ದರೆ ಕೊರತೆಯ ಮಾತು ಆಮೇಲೆ. ಆ ಥರದ ತಾತ್ಕಾಲಿಕ ವೀಸಾದಲ್ಲಿ ಇರುವವರು ಗನ್ ಇರಲಿ, ಒಂದೇ ಒಂದು ಗುಂಡು ಇಟ್ಟುಕೊಳ್ಳುವುದೂ ಫೆಡರಲ್ ಕಾನೂನಿಗೆ ವಿರುದ್ಧ. ಬೇಟೆ ಲೈಸೆನ್ಸ್ ಇರುವವರಿಗೆ ವಿನಾಯಿತಿ ಇದೆ, ಇನ್ನೂ ಕೆಲವು ಇವೆ. ಅದನ್ನು ವಕೀಲರ ಹತ್ತಿರ ಕೇಳಿ, ರೇಂಜ್‌ನ ಗೆಳೆಯರ ಹತ್ತಿರ ಅಲ್ಲ. ನಾನಂತೂ ಗ್ರೀನ್ ಕಾರ್ಡ್ ಕೈಗೆ ಬರುವ ತನಕ ಗನ್ ಅಂಗಡಿಯ ಬಾಗಿಲು ತುಳಿಯಲಿಲ್ಲ.

ನಾನಿರುವುದು ಡಲ್ಲಾಸ್ ಹತ್ತಿರ. 2021ರ ಜನವರಿಯ ಒಂದು ಶನಿವಾರ ಬೆಳಿಗ್ಗೆ ಏಳಕ್ಕೇ ಹೋಗಿ ಅಂಗಡಿ ಮುಂದೆ ಕ್ಯೂ ನಿಂತಿದ್ದೆ. ಚಳಿಗೆ ಕಿವಿ ಸೆಟೆದುಕೊಂಡಿತ್ತು. ಒಬ್ಬರಿಗೆ ಒಂದೇ ಡಬ್ಬ ಅಂತ ಬೋರ್ಡು. ನನ್ನ ಸರದಿ ಬರುವಷ್ಟರಲ್ಲಿ ಆ ಒಂದೂ ಮುಗಿದಿತ್ತು. ಶೆಲ್ಫಿನಲ್ಲಿ ಬೆಲೆ ಚೀಟಿ ಮಾತ್ರ ಉಳಿದಿದ್ದವು. ಕೆಳಗಿನ ಸಾಲಿನಲ್ಲಿ ಹಕ್ಕಿ ಹೊಡೆಯುವ ಶಾಟ್‌ಗನ್ ತೋಟಾಗಳಿದ್ದವು, ಅದು ಯಾರಿಗೂ ಬೇಕಿರಲಿಲ್ಲ. ಮನೆಗೆ ಬಂದು ಇದ್ದ ಗುಂಡನ್ನೆಲ್ಲ ಊಟದ ಮೇಜಿನ ಮೇಲೆ ಸುರಿದು ಎಣಿಸಿದೆ. ನೂರ ಮೂವತ್ತೇಳು ಇತ್ತು. ಅದಕ್ಕೂ ಮುಂಚೆ ನಾನು ಒಂದು ಭಾನುವಾರಕ್ಕೆ 200 ಖಾಲಿ ಮಾಡುತ್ತಿದ್ದವನು. ಹಾಸನ ಮೂಲದ ಗೆಳೆಯನಿಗೆ ಫೋನ್ ಮಾಡಿದರೆ, "ಎಂತ ಮಾರಾಯ, ನನ್ನ ಹತ್ರ ನಲವತ್ತಿದೆ, ನೀನು ಸಾಹುಕಾರ" ಅಂದ.

ಯಾಕೆ ಹಾಗಾಯಿತು ಅನ್ನೋದು ಗೊತ್ತಿದ್ದರೆ ಮುಂದಿನ ಸಲ ಗಾಬರಿ ಕಡಿಮೆ. ನಮ್ಮೂರು ಸಕಲೇಶಪುರದ ಕಡೆ. ತೋಟಕ್ಕೆ ನುಗ್ಗುವ ಹಂದಿ ಬೆದರಿಸೋಕೆ ಅಜ್ಜನ ಹತ್ತಿರ ಒಂದು ಕೇಪಿನ ಕೋವಿ ಇತ್ತು. ಮದ್ದು ಹೇಗೋ ಹೊಂದುತ್ತಿತ್ತು, ಚರೆಯೂ ಹೊಂದುತ್ತಿತ್ತು. ಕೇಪು ಮುಗಿದ ದಿನ ಮಾತ್ರ ಕೋವಿ ಮೂಲೆ ಸೇರುತ್ತಿತ್ತು. "ಇದಕ್ಕಿಂತ ದೊಣ್ಣೆ ವಾಸಿ" ಅಂತ ಗೊಣಗುತ್ತಿದ್ದರು. ಈಗಿನ ಗುಂಡಿನ ಬುಡದಲ್ಲೂ ಅದೇ ಕೇಪು ಇದೆ. ಹೆಸರುಕಾಳಿನಷ್ಟು ಪುಟ್ಟ ಬಟ್ಟಲು, ಪೆಟ್ಟು ಬಿದ್ದರೆ ಕಿಡಿ ಹಾರಿಸಿ ಮದ್ದು ಹೊತ್ತಿಸುತ್ತೆ, ಪ್ರೈಮರ್ ಅಂತಾರೆ. ಹಿತ್ತಾಳೆ ಕೇಸನ್ನು, ಅಂದರೆ ಹೊರಗಿನ ಕೊಳವೆಯನ್ನು, ಮತ್ತೆ ಬಳಸಬಹುದು, ಸೀಸ ಕರಗಿಸಿ ಗುಂಡು ಎರಕ ಹೊಯ್ಯುವವರೂ ಇದ್ದಾರೆ. ಪ್ರೈಮರ್ ಮಾತ್ರ ಕಾರ್ಖಾನೆಯಿಂದಲೇ ಬರಬೇಕು.

ಅಮೆರಿಕದಲ್ಲಿ ಆಗ ಪ್ರೈಮರನ್ನು ದೊಡ್ಡದಾಗಿ ಮಾಡುತ್ತಿದ್ದ ಹೆಸರುಗಳು ನಾಲ್ಕೇ: ಸಿಸಿಐ, ಫೆಡರಲ್, ವಿಂಚೆಸ್ಟರ್, ರೆಮಿಂಗ್ಟನ್. ರೆಮಿಂಗ್ಟನ್ 2020ರ ಜುಲೈನಲ್ಲಿ ದಿವಾಳಿ ಅರ್ಜಿ ಹಾಕಿತು. ಅರ್ಕಾನ್ಸಾದ ಲೋನೋಕ್‌ನಲ್ಲಿರುವ ಅದರ ಕಾರ್ಖಾನೆ, ಆಗ ಸಿಸಿಐ, ಫೆಡರಲ್ ಎರಡರ ಒಡೆತನವೂ ಇದ್ದ ವಿಸ್ಟಾ ಔಟ್‌ಡೋರ್ ಕಂಪನಿಯ ಕೈಗೆ ಹೋಯಿತು. ಇತ್ತ ಕೋವಿಡ್, ಬೀದಿ ಗಲಾಟೆ, ಚುನಾವಣೆ ಮೂರೂ ಒಂದೇ ವರ್ಷ ಬಂದವು. ಗನ್ ಕೊಳ್ಳುವವರ ಬಗ್ಗೆ ಎಫ್‌ಬಿಐ ಮಾಡುವ ಹಿನ್ನೆಲೆ ತಪಾಸಣೆ 2019ರಲ್ಲಿ 2.84 ಕೋಟಿ ಇದ್ದದ್ದು 2020ರಲ್ಲಿ 3.97 ಕೋಟಿ ಆಯಿತು. ಅದರಲ್ಲಿ ಎಲ್ಲವೂ ಗನ್ ಮಾರಾಟವಲ್ಲ, ಆದರೂ ಹೊಸದಾಗಿ ಕೊಂಡವರೆಲ್ಲ ಎರಡೆರಡು ಡಬ್ಬ ಗುಂಡು ಕೇಳಿದರೆ ಏನಾಗುತ್ತೆ, ಲೆಕ್ಕ ಹಾಕಿ. ಸಾಲದ್ದಕ್ಕೆ 2021ರ ಆಗಸ್ಟ್‌ನಲ್ಲಿ ರಷ್ಯಾದ ಗುಂಡಿನ ಹೊಸ ಆಮದಿಗೆ ಅಮೆರಿಕ ಸರ್ಕಾರ ತಡೆ ಹಾಕಿತು. ತುಲಾ, ಬರ್ನಾಲ್‌ನಂಥ ಅಗ್ಗದ ಉಕ್ಕಿನ ಕೇಸಿನ ಗುಂಡು ಬರುತ್ತಿದ್ದ ದಾರಿಯೂ ಮುಚ್ಚಿತು. ಹತ್ತು ಡಾಲರ್ ಆಸುಪಾಸು ಸಿಗುತ್ತಿದ್ದ 50ರ ಡಬ್ಬಕ್ಕೆ ನಾನೇ ಒಮ್ಮೆ 42 ಡಾಲರ್ ಕೊಟ್ಟಿದ್ದೇನೆ. ಹೆಂಡತಿಗೆ ಇನ್ನೂ ಹೇಳಿಲ್ಲ.

ಈಗ ಆ 137ರ ವಿಷಯ.

ಅದು ಒಂಬತ್ತು ತಿಂಗಳು ಬಂತು. ಮುಖ್ಯವಾಗಿ ಮಾಡಿದ್ದು ಡ್ರೈ ಫೈರ್, ಅಂದರೆ ಗುಂಡಿಲ್ಲದೆ ಟ್ರಿಗರ್ ಎಳೆಯೋ ಅಭ್ಯಾಸ. ಗುಂಡೆಲ್ಲ ಬೇರೆ ಕೋಣೆಯಲ್ಲಿ ಬೀಗದೊಳಗೆ. ಮ್ಯಾಗಜಿನ್ (ಗುಂಡು ತುಂಬುವ ಡಬ್ಬಿ) ತೆಗೆದು, ಚೇಂಬರ್ (ಗುಂಡು ಕೂರುವ ಗೂಡು) ಕಣ್ಣಲ್ಲಿ ನೋಡಿ, ಬೆರಳು ಹಾಕಿ ಮುಟ್ಟಿ, ಇನ್ನೊಮ್ಮೆ ನೋಡಬೇಕು. ಗುರಿ ಇಟ್ಟ ಗೋಡೆಯ ಆಚೆ ಯಾರೂ ಇರಬಾರದು. ನನ್ನದು ಹೊರಗಿನ ಇಟ್ಟಿಗೆ ಗೋಡೆ, ಅದರ ಒಳಮೈಗೆ ಒಂದು ಕಪ್ಪು ಚುಕ್ಕಿ ಅಂಟಿಸಿದ್ದೆ.

ನನ್ನ ಡ್ರಾಯರಿನಲ್ಲಿ ಖಡ್ಗಮೃಗದ ಚಿತ್ರದ ಹಳೇ 25 ಪೈಸೆ ಒಂದಿತ್ತು. 2011ರಲ್ಲೇ ಚಲಾವಣೆ ನಿಂತ ನಾಣ್ಯ, ಯಾಕೆ ಇಟ್ಟುಕೊಂಡಿದ್ದೆನೋ. ಅದನ್ನು ಸ್ಲೈಡಿನ (ಪಿಸ್ತೂಲಿನ ಮೇಲ್ಗಡೆ ಹಿಂದೆ ಮುಂದೆ ಸರಿಯುವ ಭಾಗ) ಮೇಲೆ, ಗುರಿ ನೋಡುವ ಮುಂದಿನ ಸೈಟಿನ ಹಿಂದೆ ಇಟ್ಟು ಟ್ರಿಗರ್ ಎಳೆಯಬೇಕು. ನಾಣ್ಯ ಬೀಳಬಾರದು. ಮೊದಲ ದಿನ ಇಪ್ಪತ್ತರಲ್ಲಿ ಹದಿನಾರು ಸಲ ಟಣ್ ಅಂತ ನೆಲಕ್ಕೆ. ಎಂಟು ವರ್ಷದಿಂದ ಶೂಟ್ ಮಾಡುತ್ತಿದ್ದೇನೆ ಅಂತ ಕೊಚ್ಚಿಕೊಳ್ಳುತ್ತಿದ್ದೆ ನೋಡಿ! ನನ್ನ ಪಿಸ್ತೂಲಿನಲ್ಲಿ ಪ್ರತಿ ಸಲ ಸ್ಲೈಡ್ ಎಳೆದು ನಾಣ್ಯ ಮತ್ತೆ ಇಡಬೇಕು, ಬಗ್ಗಿ ಬಗ್ಗಿ ಸೊಂಟ ಬಿತ್ತು. ಮೂರು ವಾರಕ್ಕೆ ನಾಣ್ಯ ಕೂತಲ್ಲೇ ಕೂರತೊಡಗಿತು. ದಿನಕ್ಕೆ ಹತ್ತು ನಿಮಿಷ ಸಾಕು, ಅದಕ್ಕಿಂತ ಜಾಸ್ತಿ ಮಾಡಿದರೆ ಸುಮ್ನೆ ಬೆರಳು ಆಡಿಸಿದ ಹಾಗೆ. ಒಂದು ಎಚ್ಚರ: ಎಷ್ಟೋ .22 (ಇನ್ನೂ ಸಣ್ಣ ಗುಂಡಿನ) ಗನ್‌ಗಳಲ್ಲಿ ಹೀಗೆ ಖಾಲಿ ಹೊಡೆದರೆ ಗುಂಡಿಗೆ ಬಡಿಯುವ ಪಿನ್ನು ಚೇಂಬರ್ ಅಂಚಿಗೆ ಬಡಿದು ಹಾಳಾಗುತ್ತೆ. ಮ್ಯಾನ್ಯುಯಲ್ ಓದಿ.

ರೇಂಜ್‌ಗೆ ಹೋಗುವುದನ್ನು ತಿಂಗಳಿಗೆ ಒಂದೇ ಸಲ ಮಾಡಿದೆ, ಜೇಬಿನಲ್ಲಿ ಹದಿನೈದೇ ಗುಂಡು. ಜೊತೆಗೆ ಐದು ಡಮ್ಮಿ ರೌಂಡ್. ಸ್ನ್ಯಾಪ್ ಕ್ಯಾಪ್ ಅಂತ ಕೇಳಿದರೆ ಕೊಡುತ್ತಾರೆ, ಪ್ಲಾಸ್ಟಿಕ್ಕಿನದು, ಸಿಡಿಯುವುದಿಲ್ಲ. ಕಣ್ಣು ಮುಚ್ಚಿ ಎರಡನ್ನೂ ಕಲೆಸಿ ಮ್ಯಾಗಜಿನ್‌ಗೆ ತುಂಬಬೇಕು. ಢಂ, ಢಂ, ಆಮೇಲೆ ಕ್ಲಿಕ್. ಆ ಕ್ಲಿಕ್ ಬಂದಾಗ ಗನ್ನಿನ ಮೂತಿ ಅಲ್ಲಾಡಬಾರದು. ನನ್ನದು ದೇವರಿಗೆ ನಮಸ್ಕಾರ ಮಾಡಿದ ಹಾಗೆ ಪೂರ್ತಿ ಬಗ್ಗಿತ್ತು. ಸದ್ದಿಗೆ ಮುಂಚೆಯೇ ಹೆದರಿ ಕೈ ಕೆಳಗೆ ಒತ್ತುವುದು ಅದು. ನಿಜವಾದ ಗುಂಡು ಹೊಡೆಯುವಾಗ ಒದೆತದ ಮರೆಯಲ್ಲಿ ಅದು ಕಾಣುವುದೇ ಇಲ್ಲ. ವಾರಕ್ಕೆ 200 ಹೊಡೆಯುತ್ತಿದ್ದ ಕಾಲದಲ್ಲಿ ನಾನು ಇದೇ ತಪ್ಪನ್ನು ದುಡ್ಡು ಕೊಟ್ಟು ಗಟ್ಟಿ ಮಾಡಿಕೊಳ್ಳುತ್ತಿದ್ದೆ ಅಷ್ಟೇ.

ಢಂ ಅನ್ನೋ ಸದ್ದಿಲ್ಲದೆ ಬೇಜಾರಾಗುತ್ತೆ ಅಂತೀರಾ? ಆಗುತ್ತೆ. ಅದಕ್ಕೆ .22 ಪಿಸ್ತೂಲ್ ಒಂದಿದ್ದರೆ ಒಳ್ಳೆಯದು. ಆಗ ಅದೂ ತುಟ್ಟಿಯಾಗಿತ್ತು, ಆದರೂ 9 ಎಂಎಂನ ಒಂದು ಗುಂಡಿನ ದುಡ್ಡಿಗೆ ನಾಲ್ಕೈದು ಬರುತ್ತಿತ್ತು. ಆದರೆ ಅದನ್ನೇ ನಂಬಬೇಡಿ. 2012ರ ಡಿಸೆಂಬರಿನಲ್ಲಿ ಸ್ಯಾಂಡಿ ಹುಕ್ ಶಾಲೆಯಲ್ಲಿ ಮಕ್ಕಳ ಹತ್ಯೆಯಾದ ಮೇಲೆ ಗನ್ ಕಾನೂನು ಬಿಗಿಯಾಗುತ್ತೆ ಅಂತ ಜನ ಮುಗಿಬಿದ್ದು ಕೊಂಡರು. ಆಗ ಎಲ್ಲಕ್ಕಿಂತ ದೀರ್ಘವಾಗಿ ಸಿಗದೇ ಹೋದದ್ದು .22.

ನನಗೆ ಇಷ್ಟವಾದದ್ದು ಗಾಳಿಯ ಒತ್ತಡದಲ್ಲಿ ಹೊಡೆಯುವ ಏರ್ ಪಿಸ್ತೂಲ್. ಕೇಪೂ ಇಲ್ಲ, ಮದ್ದೂ ಇಲ್ಲ, ಹಾಗಾಗಿ ಆ ಗಲಾಟೆಯ ಬಿಸಿ ಅದಕ್ಕೆ ಅಷ್ಟು ತಟ್ಟಲಿಲ್ಲ. 500 ಪೆಲೆಟ್ಟಿನ (ಅದರ ಪುಟ್ಟ ಗುಂಡು) ಡಬ್ಬ ತಂದರೆ ತಿಂಗಳು ಬರುತ್ತೆ. ಗ್ಯಾರೇಜಿನಲ್ಲಿ ಏಳು ಮೀಟರ್ ದೂರಕ್ಕೆ, ಹಿಂದೆ ಗಟ್ಟಿ ಪೆಲೆಟ್ ಟ್ರ್ಯಾಪ್ ಇಟ್ಟು, ಕನ್ನಡಕ ಹಾಕಿಕೊಂಡು ಹೊಡೆಯುತ್ತಿದ್ದೆ. ಒಲಿಂಪಿಕ್ಸ್‌ನಲ್ಲಿ ಹತ್ತು ಮೀಟರ್ ದೂರದ 10 ಅಂಕದ ವೃತ್ತ ಬರೀ 11.5 ಮಿಲಿಮೀಟರ್. ಹೊಡೆದು ನೋಡಿ, ಅಹಂಕಾರ ಇಳಿಯುತ್ತೆ. ಪೆಲೆಟ್ ಸೀಸದ್ದು, ಆಮೇಲೆ ಕೈ ತೊಳೆಯಿರಿ. ಫೆಡರಲ್ ಕಾನೂನಿನಲ್ಲಿ ಏರ್ ಗನ್ ಬಂದೂಕಿನ ಲೆಕ್ಕಕ್ಕೆ ಬರುವುದಿಲ್ಲ. ಆದರೆ ರಾಜ್ಯ, ಊರುಗಳ ನಿಯಮ ಬೇರೆ ಬೇರೆ, ನಿಮ್ಮ ಊರಿನದು ನೋಡಿಕೊಳ್ಳಿ.

ಗುಂಡನ್ನು ಮನೆಯಲ್ಲೇ ತುಂಬಿಕೊಳ್ಳುವ ರೀಲೋಡಿಂಗ್ ಬಗ್ಗೆ ತುಂಬ ಜನ ಹೇಳುತ್ತಾರೆ. ಕಲಿಯಬೇಕೆಂದಿದ್ದರೆ ಗುಂಡು ಸುಲಭವಾಗಿ ಸಿಗುವ ಕಾಲದಲ್ಲಿ, ಗೊತ್ತಿರುವವರ ಪಕ್ಕ ಕೂತು ಕಲಿಯಿರಿ. ಬರ ಬಂದ ಮೇಲೆ ಮೆಷಿನ್ ತಂದವರೆಲ್ಲ ಪ್ರೈಮರ್ ಸಿಗದೆ ಅದರ ಮೇಲೆ ಬಟ್ಟೆ ಒಣಹಾಕಿದರು. ಗನ್ ಶೋಗಳಲ್ಲಿ ಅಪರಿಚಿತರು ಪ್ಲಾಸ್ಟಿಕ್ ಚೀಲದಲ್ಲಿ ಮಾರುವ ಮನೆ ತಯಾರಿ ಗುಂಡನ್ನಂತೂ ಮುಟ್ಟಬೇಡಿ. ಮದ್ದು ಎರಡು ಪಟ್ಟು ಬಿದ್ದಿದ್ದರೆ ಪಿಸ್ತೂಲ್ ನಿಮ್ಮ ಕೈಯಲ್ಲೇ ಸಿಡಿಯಬಹುದು.

ಇನ್ನು ಸಾವಿರಗಟ್ಟಲೆ ಪೇರಿಸುವ ವಿಷಯ. ನಾನು ಮಾಡುವುದಿಷ್ಟು: ಮಾಮೂಲಿ ದಿನಗಳಲ್ಲಿ ಒಂದು ಡಬ್ಬ ಬೇಕಾದಾಗ ಎರಡು ತರುತ್ತೇನೆ, ಒಂದನ್ನು ಎತ್ತಿಡುತ್ತೇನೆ. ಆರುನೂರು ದಾಟಿದರೆ ನಿಲ್ಲಿಸುತ್ತೇನೆ. ಹಳೆಯದನ್ನು ಮೊದಲು ಹೊಡೆಯುತ್ತೇನೆ. ಸುದ್ದಿ ಹಬ್ಬಿ ಕ್ಯೂ ಶುರುವಾದ ಮೇಲೆ ಕೊಳ್ಳುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿದ್ದರೆ ನಿಮ್ಮ ಲೆಕ್ಕ ಬೇರೆ, ಅಲ್ಲಿ 2019ರ ಜುಲೈನಿಂದ ಗುಂಡು ಕೊಳ್ಳೋಕೂ ತಪಾಸಣೆ ತಂದರು. ಡಬ್ಬಗಳನ್ನು ಗ್ಯಾರೇಜಿನಲ್ಲಿ ಇಡಬೇಡಿ, ಬೇಸಿಗೆಯ ಕಾವು ಒಳ್ಳೆಯದಲ್ಲ. ನನ್ನವು ಒಳಗಿನ ಕಪಾಟಿನಲ್ಲಿ ಬೀಗ ಹಾಕಿ ಕೂತಿವೆ. ಆ 25 ಪೈಸೆಯೂ ಅಲ್ಲೇ ಇದೆ.