ಪೋರ್ಟ್‌ಲ್ಯಾಂಡಿನ ಡ್ರಾಫ್ಟ್ ಜಗಳಕ್ಕೆ ನೀವೂ ಬನ್ನಿ

ನೀವು ಕೇಳಿದ್ದು ಮೂರು ಪ್ರಶ್ನೆ. ಪೋರ್ಟ್‌ಲ್ಯಾಂಡ್ ಪಕ್ಕದ ಹಿಲ್ಸ್‌ಬರೋದಲ್ಲಿ ಮನೆಯೇನೋ ಸಿಕ್ಕಿದೆ, ನಮ್ಮ ಕಡೆಯ ದಿನಸಿ ಎಲ್ಲಿ ಸಿಗುತ್ತೆ ಅನ್ನುವುದು ಒಂದು. ಈ ಮಳೆ ಯಾವಾಗ ನಿಲ್ಲುತ್ತೆ ಅನ್ನುವುದು ಇನ್ನೊಂದು. ಮೂರನೆಯದನ್ನು ನಿಮ್ಮ ಮಾತಲ್ಲೇ ಹೇಳುತ್ತೇನೆ: "ಮಧ್ಯಾಹ್ನ ಊಟಕ್ಕೆ ಕೂತಾಗ ಆಫೀಸಿನವರೆಲ್ಲ ಬ್ಲೇಜರ್ಸ್ ತಂಡ ಯಾವ ಹುಡುಗನನ್ನು ಆರಿಸಬೇಕು, ಯಾರನ್ನು ಆರಿಸಬಾರದಿತ್ತು ಅಂತ ಕಿತ್ತಾಡ್ತಾರೆ. ನನಗೆ ತಲೆಬುಡ ಗೊತ್ತಾಗಲ್ಲ. ಬೇಗ ಬೇಗ ತಿಂದು ಎದ್ದು ಬರ್ತೀನಿ. ಇದನ್ನೆಲ್ಲ ಕಲಿಯಬೇಕಾ ಅಣ್ಣಾ? ಕಲಿತರೆ ಸುಮ್ನೆ ನಾಟಕ ಆಡಿದ ಹಾಗೆ ಆಗಲ್ವಾ?"

ಮೊದಲೆರಡು ಬೇಗ ಮುಗಿಯುತ್ತವೆ. ಹಿಲ್ಸ್‌ಬರೋ, ಬೀವರ್ಟನ್ ಎರಡೂ ಕಡೆ ಇಂಡಿಯನ್ ಅಂಗಡಿಗಳಿವೆ. ಸೋನಾ ಮಸೂರಿ, ಬ್ಯಾಡಗಿ ಮೆಣಸಿನಕಾಯಿ ಯಾವುದಕ್ಕೂ ತೊಂದರೆಯಿಲ್ಲ. ಮಳೆ ಜುಲೈ ಹೊತ್ತಿಗೆ ನಿಲ್ಲುತ್ತದೆ, ಅಕ್ಟೋಬರಿಗೆ ಮತ್ತೆ ಹಾಜರ್. ಮೂರನೆಯದಕ್ಕೆ, ಅಂದರೆ ಪೋರ್ಟ್‌ಲ್ಯಾಂಡಿನ ಬ್ಯಾಸ್ಕೆಟ್‌ಬಾಲ್ ತಂಡವಾದ ಬ್ಲೇಜರ್ಸ್ ವಿಷಯಕ್ಕೆ, ಸ್ವಲ್ಪ ಉದ್ದ ಬರೆಯುತ್ತೇನೆ. ಕಲಿಯಿರಿ. ಈ ಊರಿನವರ ಜೊತೆ ಬೆರೆಯೋಕೆ ಇದಕ್ಕಿಂತ ಸುಲಭದ ದಾರಿ ನನಗೆ ಕಂಡಿಲ್ಲ.

ಮೊದಲು ಡ್ರಾಫ್ಟ್ ಅಂದರೇನು ನೋಡಿ. ಐಪಿಎಲ್ ಹರಾಜಿನಲ್ಲಿ ಪರ್ಸಿನಲ್ಲಿ ದುಡ್ಡಿದ್ದವರು ಯಾರು ಬೇಕಾದರೂ ಕೂಗಬಹುದು. ಬ್ಲೇಜರ್ಸ್ ಆಡುವ ಎನ್‌ಬಿಎ ಅನ್ನುವ ಬ್ಯಾಸ್ಕೆಟ್‌ಬಾಲ್ ಲೀಗಿನಲ್ಲಿ ಕೂಗಾಟ ಇಲ್ಲ, ಸರದಿ ಇದೆ. ಕಾಲೇಜಿನಿಂದಲೋ ಹೊರದೇಶದ ಲೀಗಿನಿಂದಲೋ ಬರುವ ಹೊಸ ಹುಡುಗರನ್ನು ಒಂದೊಂದು ತಂಡ ಒಬ್ಬೊಬ್ಬರಂತೆ ಆರಿಸುತ್ತಾ ಹೋಗುತ್ತದೆ, ಎರಡು ಸುತ್ತು. ಸೋತು ಸುಣ್ಣವಾದ ತಂಡಕ್ಕೆ ಮೊದಲ ಸರದಿ ಸಿಗುವ ಸಾಧ್ಯತೆ ಜಾಸ್ತಿ. ಹುಡುಗನಿಗೆ ಇಷ್ಟದ ಊರು ಆರಿಸುವ ಹಾಗಿಲ್ಲ. ಹೆಸರು ಕರೆದ ತಂಡಕ್ಕೆ ಹೋಗಬೇಕು.

ಮೊದಲ ನಾಲ್ಕು ಸರದಿ ಯಾರಿಗೆ ಅನ್ನುವುದಕ್ಕೆ ಲಾಟರಿ. ಎಚ್-1ಬಿ ವೀಸಾ ಮೇಲೆ ಬಂದ ನಿಮಗೆ ಲಾಟರಿ ಅಂದರೇನು ಅಂತ ಬಿಡಿಸಿ ಹೇಳಬೇಕಾಗಿಲ್ಲ! ನಂಬರ್ ಹಾಕಿದ 14 ಚೆಂಡುಗಳಲ್ಲಿ ನಾಲ್ಕು ಮೇಲೆ ಬರುತ್ತವೆ. 2019ರಲ್ಲಿ ತಂದ ಪದ್ಧತಿಯಂತೆ ತೀರಾ ಕೆಳಗಿನ ಮೂರು ತಂಡಗಳಿಗೆ ಮೊದಲ ಸರದಿ ಸಿಗಲು ತಲಾ ಶೇ. 14ರಷ್ಟು ಅವಕಾಶ. ಆದರೂ 2025ರಲ್ಲಿ ಬರೀ ಶೇ. 1.8 ಅವಕಾಶವಿದ್ದ ಡಲ್ಲಾಸ್‌ಗೆ ಅದೃಷ್ಟ ಖುಲಾಯಿಸಿತು. ಆ ವರ್ಷ ಎಲ್ಲರ ಕಣ್ಣಿದ್ದ ಹುಡುಗ ಕೂಪರ್ ಫ್ಲ್ಯಾಗ್ ಅವರ ಪಾಲಾದ.

ನಿಮ್ಮಂಥ ಹೊಸಬರಿಗೆ ಇದರಲ್ಲಿ ಒಂದು ಅನುಕೂಲ ಇದೆ. ಹಳೇ ಪಂದ್ಯಗಳ ಮಾತು ಬಂದರೆ ಇಲ್ಲೇ ಹುಟ್ಟಿ ಬೆಳೆದವರ ಮುಂದೆ ನೀವು ಬಾಯಿ ಬಿಡೋಕಾಗಲ್ಲ. ಡ್ರಾಫ್ಟ್ ವಿಷಯ ಹಾಗಲ್ಲ. 19 ವರ್ಷದ ಹುಡುಗ ಒಬ್ಬ 26ನೇ ವಯಸ್ಸಿಗೆ ಹೇಗೆ ಆಡ್ತಾನೆ ಅನ್ನುವುದು ನಿಮಗೂ ಗೊತ್ತಿಲ್ಲ, ನಿಮ್ಮ ಮ್ಯಾನೇಜರಿಗೂ ಗೊತ್ತಿಲ್ಲ, ಕೋಟ್ಯಂತರ ಸಂಬಳ ತಗೊಳ್ಳುವ ತಂಡದವರಿಗೂ ಗೊತ್ತಿಲ್ಲ. ನಿಕೋಲಾ ಯೋಕಿಚ್ 2014ರಲ್ಲಿ 41ನೆಯವನಾಗಿ ಆಯ್ಕೆಯಾದ. ಆ ಹೊತ್ತಿಗೆ ಟಿವಿಯಲ್ಲಿ ಟ್ಯಾಕೋ ಬೆಲ್ ಜಾಹೀರಾತು ಓಡ್ತಾ ಇತ್ತು. ಅದೇ ಯೋಕಿಚ್ ಆಮೇಲೆ ಮೂರು ಸಲ ಎಂವಿಪಿ, ಅಂದರೆ ಲೀಗಿನ ವರ್ಷದ ಅತ್ಯುತ್ತಮ ಆಟಗಾರ.

ಆದರೆ ಪೋರ್ಟ್‌ಲ್ಯಾಂಡಿನಲ್ಲಿ ಈ ಮಾತಿಗೆ ಕೂರುವ ಮೊದಲು ಎರಡು ಹಳೇ ಗಾಯ ತಿಳಿದಿರಬೇಕು. ಇಲ್ಲಿ ಯಾವ ಹುಡುಗನ ಮಾತೆತ್ತಿದರೂ ಕೊನೆಗೆ ಅಲ್ಲಿಗೇ ಬಂದು ನಿಲ್ಲುತ್ತಾರೆ.

ಒಂದು, 1984. ಆಗ ಲಾಟರಿ ಇರಲಿಲ್ಲ, ಮೊದಲ ಸರದಿ ಯಾರದು ಅಂತ ನಾಣ್ಯ ಚಿಮ್ಮಿ ತೀರ್ಮಾನಿಸುತ್ತಿದ್ದರು. ಹ್ಯೂಸ್ಟನ್ ಗೆದ್ದಿತು, ಹಕೀಮ್ ಒಲಾಜುವಾನ್‌ನನ್ನು ಕರೆದುಕೊಂಡಿತು. ಎರಡನೇ ಸರದಿ ಪೋರ್ಟ್‌ಲ್ಯಾಂಡಿನದು. ಅವರು ಆರಿಸಿದ್ದು ಕೆಂಟಕಿ ಯೂನಿವರ್ಸಿಟಿಯ ಸ್ಯಾಮ್ ಬೋವಿ, 7 ಅಡಿ 1 ಇಂಚಿನ ಸೆಂಟರ್, ಅಂದರೆ ಬುಟ್ಟಿಯ ಹತ್ತಿರ ಆಡುವ ಎತ್ತರದವನು. ಮೂರನೇ ಸರದಿಯ ಶಿಕಾಗೋಗೆ ಸಿಕ್ಕಿದ್ದು, ಆಮೇಲೆ ಈ ಆಟದ ದಂತಕತೆಯೇ ಆದ ಮೈಕೆಲ್ ಜೋರ್ಡನ್.

ಇದನ್ನು ಕೇಳಿ "ಎಂಥ ದಡ್ಡರಪ್ಪಾ" ಅಂತ ನಗಬೇಡಿ. ಹೊರಗಿನವರು ನಕ್ಕರೆ ಇಲ್ಲಿಯವರಿಗೆ ಚುರುಕ್ ಅನ್ನುತ್ತೆ. ಅವರ ಲೆಕ್ಕ ಆಗ ಪೂರ್ತಿ ತಪ್ಪೇನೂ ಆಗಿರಲಿಲ್ಲ. ಜೋರ್ಡನ್ ಆಡುವ ಜಾಗಕ್ಕೆ ಅವರ ಹತ್ತಿರ ಜಿಮ್ ಪ್ಯಾಕ್ಸನ್ ಇದ್ದ, ಹಿಂದಿನ ವರ್ಷ ತಾನೇ ತಂದ ಕ್ಲೈಡ್ ಡ್ರೆಕ್ಸ್‌ಲರ್ ಇದ್ದ. ಬೇಕಾಗಿದ್ದದ್ದು ಎತ್ತರದ ಸೆಂಟರ್. 1977ರಲ್ಲಿ ಊರಿಗೆ ಬಂದ ಒಂದೇ ಒಂದು ಕಪ್ಪು ಬಿಲ್ ವಾಲ್ಟನ್ ಅನ್ನುವ ಸೆಂಟರ್‌ನಿಂದ ಬಂದದ್ದು. ಆ ಕಾಲದಲ್ಲಿ ಎಲ್ಲರೂ ನಂಬಿದ್ದು ಅದನ್ನೇ. ತೊಂದರೆ ಏನೆಂದರೆ ಬೋವಿ ಕಾಲಿನ ಮೂಳೆ ಪೆಟ್ಟಿನಿಂದ ಕಾಲೇಜಿನಲ್ಲಿ ಎರಡು ಸೀಸನ್ ಕೂತಿದ್ದವನು. ಇಲ್ಲಿ ಮೊದಲ ವರ್ಷ 76 ಪಂದ್ಯ ಆಡಿದ. ಆಮೇಲೆ ಮತ್ತೆ ಅದೇ ಕಾಲು.

ಅಮೆರಿಕದ ಒಲಿಂಪಿಕ್ ತಂಡದ ಕೋಚ್ ಬಾಬಿ ನೈಟ್ ಆ ವರ್ಷ ಜೋರ್ಡನ್‌ನನ್ನೇ ತಗೊಳ್ಳಿ ಅಂದರಂತೆ. ನಮಗೆ ಸೆಂಟರ್ ಬೇಕು ಅಂದಿದ್ದಕ್ಕೆ, ಹಾಗಾದರೆ ಅವನನ್ನೇ ಸೆಂಟರ್ ಆಡಿಸಿ ಅಂದರಂತೆ. ಈ ಕತೆಯನ್ನು ನಿಮಗೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಕೇಳಿರದ ಹಾಗೆ ಕೇಳಿಸಿಕೊಳ್ಳಿ.

ಬೋವಿಯ ಪರ ವಾದಿಸುವವರೂ ಇದ್ದಾರೆ. ನನಗೆ ಅವರೇ ಇಷ್ಟ. 1989ರಲ್ಲಿ ಬೋವಿಯನ್ನು ಕೊಟ್ಟು ಬಕ್ ವಿಲಿಯಮ್ಸ್‌ನನ್ನು ತಂದರು. ಅವನು ಬಂದ ಮೇಲೆ ತಂಡ 1990ರಲ್ಲೂ 1992ರಲ್ಲೂ ಫೈನಲ್ ತಲುಪಿತು. ಹಾಗಾಗಿ ಬೋವಿ ಪೂರ್ತಿ ನಷ್ಟವಲ್ಲ ಅನ್ನುವುದು ಅವರ ವಾದ. ಎದುರಿನವರ ಉತ್ತರ ರೆಡಿ ಇರುತ್ತೆ: 1992ರ ಫೈನಲ್‌ನಲ್ಲಿ ಸೋಲಿಸಿದ್ದು ಯಾರು? ಅದೇ ಜೋರ್ಡನ್. ಮೊದಲ ಪಂದ್ಯದ ಮೊದಲರ್ಧದಲ್ಲೇ ದೂರದಿಂದ ಆರು ತ್ರೀ-ಪಾಯಿಂಟರ್ ಹಾಕಿ, ನಾನೇನು ಮಾಡಲಿ ಅನ್ನುವ ಹಾಗೆ ಹೆಗಲು ಹಾರಿಸಿದ.

ಎರಡನೇ ಗಾಯ 2007. ಶೇ. 5.3 ಅವಕಾಶವಿದ್ದ ಪೋರ್ಟ್‌ಲ್ಯಾಂಡಿಗೆ ಮೊದಲ ಸರದಿ ಒಲಿಯಿತು. ಒಹಾಯೋ ಸ್ಟೇಟ್‌ನ 7 ಅಡಿಯ ಗ್ರೆಗ್ ಓಡನ್ ಬೇಕಾ, ಟೆಕ್ಸಸ್‌ನ ಕೆವಿನ್ ಡ್ಯೂರಾಂಟ್ ಬೇಕಾ? ಡ್ರಾಫ್ಟ್‌ಗೆ ಮುಂಚಿನ ಪರೀಕ್ಷೆಯಲ್ಲಿ ಡ್ಯೂರಾಂಟ್ ಕೈಲಿ 185 ಪೌಂಡ್ ಭಾರ ಒಂದೇ ಒಂದು ಸಲವೂ ಎತ್ತೋಕಾಗಿರಲಿಲ್ಲ. ಸಣಕಲ ಅಂದರು. ಓಡನ್‌ನನ್ನು ತಂದರು. ಸೀಸನ್ ಶುರುವಾಗುವ ಮುಂಚೆಯೇ ಮೊಣಕಾಲಿನ ಆಪರೇಷನ್, ಮೊದಲ ವರ್ಷ ಪೂರ್ತಿ ಹೋಯಿತು. ಎನ್‌ಬಿಎ ಸೀಸನ್‌ಗೆ 82 ಪಂದ್ಯ. ಓಡನ್ ಪೋರ್ಟ್‌ಲ್ಯಾಂಡಿಗೆ ಆಡಿದ್ದು, ಎಲ್ಲ ವರ್ಷಗಳೂ ಸೇರಿ, 82. ಡ್ಯೂರಾಂಟ್ 2014ರಲ್ಲಿ ಎಂವಿಪಿ ಆದ.

ಓಡನ್‌ನನ್ನು ಮಾತ್ರ ಬೈಯಬೇಡಿ. ಆ ಹುಡುಗ ಪಟ್ಟ ಪಾಡು ನೋಡಿದವರು ಅವನ ಹೆಸರು ಬಂದರೆ ದನಿ ತಗ್ಗಿಸುತ್ತಾರೆ.

ಈಗ ನಿಮ್ಮ ಊಟದ ಮೇಜಿನ ಜಗಳ ಅರ್ಥವಾಗುತ್ತೆ ನೋಡಿ. ಎಲ್ಲವೂ ಒಂದು ಪ್ರಶ್ನೆಯ ಸುತ್ತ ಸುತ್ತುತ್ತದೆ: ತಂಡಕ್ಕೆ ಕೊರತೆಯಿರುವ ಜಾಗಕ್ಕೆ ಆಟಗಾರನನ್ನು ಹುಡುಕಬೇಕಾ, ಇಲ್ಲಾ ಇದ್ದವರಲ್ಲಿ ಯಾರು ಗಟ್ಟಿಯೋ ಅವನನ್ನು ಕಣ್ಣುಮುಚ್ಚಿ ತಗೋಬೇಕಾ? ಮೊದಲನೆಯದಕ್ಕೆ 'ಫಿಟ್' ಅನ್ನುತ್ತಾರೆ, ಎರಡನೆಯದಕ್ಕೆ 'ಬೆಸ್ಟ್ ಪ್ಲೇಯರ್ ಅವೇಲಬಲ್'. 2023ರಲ್ಲಿ ಮೂರನೇ ಸರದಿ ಬಂದಾಗ ಊರು ಎರಡು ಹೋಳಾಗಿತ್ತು. ತಂಡದಲ್ಲಿ ಆಗ ಡೇಮಿಯನ್ ಲಿಲ್ಲರ್ಡ್ ಇದ್ದ. 2012ರಲ್ಲಿ 6ನೆಯವನಾಗಿ ಬಂದು ಊರಿನ ಮನೆಮಗನಾದವನು. ಅವನಿಗೆ ಕಪ್ ಗೆಲ್ಲಬೇಕು, ಪಳಗಿದ ಆಟಗಾರರು ಬೇಕು. ಸರದಿಯನ್ನೇ ಮಾರಿ ಅಂಥವರನ್ನು ತನ್ನಿ ಅಂತ ಒಂದು ಗುಂಪು. ಬೇಡ, ಸ್ಕೂಟ್ ಹೆಂಡರ್ಸನ್‌ನನ್ನೇ ತಗೊಳ್ಳಿ ಅಂತ ಇನ್ನೊಂದು. ಸ್ಕೂಟ್ ಆಡುವುದೂ ಲಿಲ್ಲರ್ಡ್ ಜಾಗದಲ್ಲೇ. "ಆ ಜಾಗಕ್ಕೆ ಆಗಲೇ ಒಬ್ಬ ಇದ್ದಾನೆ ಅಂತ ಬಿಟ್ಟು 84ರಲ್ಲಿ ಏನಾಯ್ತು ನೆನಪಿದೆಯಾ?" ಅಂತ ಎರಡನೇ ಗುಂಪಿನವರು ಕೇಳಿದರೆ ಮೊದಲನೆಯವರ ಹತ್ತಿರ ಉತ್ತರ ಇರುತ್ತಿರಲಿಲ್ಲ. ತಂಡ ಸ್ಕೂಟ್‌ನನ್ನು ತಂದಿತು. ಕೆಲವೇ ದಿನಗಳಲ್ಲಿ ಲಿಲ್ಲರ್ಡ್ ಬೇರೆ ಕಡೆ ಕಳಿಸಿ ಅಂದ. ಸೆಪ್ಟೆಂಬರಿನಲ್ಲಿ ಮಿಲ್ವಾಕಿಗೆ ಹೋದ. 2025ರಲ್ಲಿ ವಾಪಸ್ ಸಹಿ ಹಾಕಿದ, ಅದು ಬೇರೆ ಕತೆ. ನನ್ನ ಕೇಳಿದರೆ ಸ್ಕೂಟ್‌ನನ್ನು ತಂದದ್ದು ಸರಿ. ಅಷ್ಟು ಮೇಲಿನ ಸರದಿ ಪದೇ ಪದೇ ಬರಲ್ಲ.

2025ರದ್ದು ಇನ್ನೂ ಹಸಿಯಾಗಿದೆ. ಆ ರಾತ್ರಿ ನಮ್ಮನೆಯಲ್ಲಿ ನಡೆದದ್ದು ಹೇಳ್ತೀನಿ. ಡ್ರಾಫ್ಟ್ ನಡೆಯುವುದು ನ್ಯೂಯಾರ್ಕ್‌ನಲ್ಲಿ, ನಮಗೆ ಸಂಜೆ ಐದಕ್ಕೆ ಶುರು. ಊರಿಂದ ಬಂದಿದ್ದ ನಮ್ಮ ಅತ್ತೆ ಹಸಿ ಅವರೆಕಾಯಿ ಸಿಗಲ್ಲ ಅಂತ ಫ್ರೋಜನ್ ಕಾಳಲ್ಲೇ ಸಾರು ಮಾಡಿ, ಸೋಫಾದಲ್ಲಿ ಬಂದು ಕೂತರು. ಟಿವಿಯಲ್ಲಿ ಬಣ್ಣಬಣ್ಣದ ಸೂಟು ಹಾಕಿದ ಹುಡುಗರು, ಪಕ್ಕದಲ್ಲಿ ಅಪ್ಪ ಅಮ್ಮ, ಹೆಸರು ಕರೆದ ಕೂಡಲೇ ತಬ್ಬಿಕೊಂಡು ಅಳು. "ಇದೇನು ಸಾಮೂಹಿಕ ವಿವಾಹವಾ?" ಅಂದರು. ಆಮೇಲೆ ಅವರಿಗೆ ಒಂದೇ ಚಿಂತೆ, ಇಷ್ಟು ಉದ್ದದ ಹುಡುಗರಿಗೆ ಪ್ಯಾಂಟಿನ ಬಟ್ಟೆ ಎಷ್ಟು ಮೀಟರ್ ಹಿಡಿಯುತ್ತೆ ಅಂತ.

ನಮ್ಮ ಸರದಿ 11ನೆಯದು. ಸೆಡ್ರಿಕ್ ಕವರ್ಡ್ ಹೆಸರು ಬಂತು. ನನ್ನ ಮಗಳು ಕುಣಿದಳು. ಆ ಹುಡುಗ ಕಾಲೇಜು ಆಟ ಶುರು ಮಾಡಿದ್ದು ಇಲ್ಲೇ ಪಕ್ಕದ ಸೇಲಂ ಊರಿನ ವಿಲಾಮೆಟ್ ಯೂನಿವರ್ಸಿಟಿಯಲ್ಲಿ, ಅದೂ ಮೂರನೇ ದರ್ಜೆಯ ಲೀಗಿನಲ್ಲಿ. ಖುಷಿ ತುಂಬ ಹೊತ್ತು ಉಳಿಯಲಿಲ್ಲ. ತಂಡಗಳು ಅದಲುಬದಲು ಮಾಡಿಕೊಂಡವು: ಅವನು ಮೆಂಫಿಸ್‌ಗೆ, ಬದಲಿಗೆ 16ನೇ ಸರದಿ ನಮಗೆ. ಜೊತೆಗೆ ಮುಂದಿನ ವರ್ಷಗಳ ಕೆಲವು ಸರದಿಗಳು, ಅದರಲ್ಲಿ ಒರ್ಲ್ಯಾಂಡೋದ 2028ರ ಮೊದಲ ಸುತ್ತಿನದೂ ಒಂದು. 16ಕ್ಕೆ ಕರೆದ ಹೆಸರು ಯಾಂಗ್ ಹ್ಯಾನ್ಸೆನ್. ಚೀನಾದ ಚಿಂಗ್‌ಡಾವ್ ತಂಡದ 7 ಅಡಿ 1 ಇಂಚಿನ ಸೆಂಟರ್. ಬಹಳಷ್ಟು ಮಾಕ್ ಡ್ರಾಫ್ಟ್‌ಗಳಲ್ಲಿ, ಅಂದರೆ ಯಾರು ಎಷ್ಟನೆಯವರು ಅಂತ ಮೊದಲೇ ಊಹಿಸಿ ಬರೆದ ಪಟ್ಟಿಗಳಲ್ಲಿ, ಅವನ ಹೆಸರು ಎರಡನೇ ಸುತ್ತಿನಲ್ಲಿತ್ತು. ಮಗಳು ಫೋನ್ ಸೋಫಾ ಮೇಲೆ ಎಸೆದಳು. "ಮತ್ತೆ ಉದ್ದದವನಾ!" ಅಂತ ಕನ್ನಡದಲ್ಲೇ ಕಿರುಚಿದಳು. ನಾನು ಯಾಂಗ್ ಪರ. ಸೆಂಟರ್ ಆಗಿದ್ದು ಅಷ್ಟು ಚೆನ್ನಾಗಿ ಪಾಸ್ ಕೊಡುವವರು ಕಡಿಮೆ. ಬೆಳೆಯೋಕೆ ಟೈಮ್ ಕೊಡಬೇಕು. ಮಗಳು ಇವತ್ತಿಗೂ ಒಪ್ಪಲ್ಲ.

ನೀವು ನಾಟಕದ ಮಾತು ಎತ್ತಿದ್ದಿರಿ. ಗೊತ್ತಿರೋ ಹಾಗೆ ನಟಿಸಿದರೆ ನಾಟಕ, ಕೇಳಿದರೆ ಅಲ್ಲ. ಯಾರಾದರೂ ಒಬ್ಬ ಹುಡುಗನ ಹೆಸರು ಹೇಳಿದಾಗ "ಅವನ ಸೀಲಿಂಗ್ ಎಷ್ಟು, ಫ್ಲೋರ್ ಎಷ್ಟು?" ಅಂತ ಕೇಳಿ ನೋಡಿ. ಎಲ್ಲ ಸರಿಹೋದರೆ ಎಷ್ಟು ಮೇಲೆ ಹೋಗ್ತಾನೆ, ಏನೂ ಸರಿಹೋಗದಿದ್ದರೂ ಕನಿಷ್ಠ ಎಲ್ಲಿ ನಿಲ್ತಾನೆ ಅನ್ನುವ ಲೆಕ್ಕ ಅದು. ಆಮೇಲೆ ಅರ್ಧ ಗಂಟೆ ನೀವು ಮಾತಾಡಬೇಕಾಗಿಲ್ಲ. ಯೂಟ್ಯೂಬಿನಲ್ಲಿ ಇಬ್ಬರು ಮೂವರು ಹುಡುಗರ ಆಟ ನೋಡಿ, ಒಬ್ಬನನ್ನು ನಿಮ್ಮವನು ಅಂತ ಹಿಡಿದುಕೊಳ್ಳಿ. ಬರೀ ಡಂಕ್‌ಗಳ, ಅಂದರೆ ಹಾರಿ ಚೆಂಡನ್ನು ಬುಟ್ಟಿಗೆ ತುರುಕುವ, ವಿಡಿಯೋ ನೋಡಬೇಡಿ, ಅದರಲ್ಲಿ ಎಲ್ಲರೂ ಜೋರ್ಡನ್ನೇ. ಪೂರ್ತಿ ಪಂದ್ಯ ನೋಡಿ. ಚೆಂಡು ಕೈಲಿಲ್ಲದಾಗ ಏನು ಮಾಡ್ತಾನೆ ಅಂತ ಗಮನಿಸಿ.

ಮ್ಯಾನೇಜರ್ ಒಬ್ಬನ ಹೆಸರು ಹೇಳಿದರು ಅಂತ ನೀವೂ ಅವನನ್ನೇ ಹಿಡಿಯಬೇಡಿ. ನಮ್ಮಲ್ಲಿ ದೊಡ್ಡವರ ಮಾತಿಗೆ ಹೂಂ ಅನ್ನುವ ಅಭ್ಯಾಸ ಜಾಸ್ತಿ. ಇಲ್ಲಿ ಅದಕ್ಕೆ ಬೆಲೆ ಇಲ್ಲ. "ನೀವು ಹೇಳಿದ ಹುಡುಗನಿಗೆ ಶೂಟಿಂಗ್ ಬರಲ್ಲ" ಅಂತ ನೇರವಾಗಿ ಅನ್ನಿ. ಅವರು ಜೋರು ಮಾಡ್ತಾರೆ, ನೀವೂ ಜೋರು ಮಾಡಿ, ಎರಡು ಗಂಟೆಗೆ ಮೀಟಿಂಗಿಗೆ ಇಬ್ಬರೂ ಒಟ್ಟಿಗೆ ಹೋಗಿ. ಡಿಸೈನ್ ರಿವ್ಯೂನಲ್ಲಿ ಬಾಯಿ ಬಿಡೋಕೆ ನನಗೆ ಧೈರ್ಯ ಬಂದದ್ದು ಈ ಜಗಳಗಳಿಂದಲೇ.

ಇನ್ನೊಂದು ಮಾತು, ಸ್ವಲ್ಪ ಕಟುವಾಗಿ ಹೇಳ್ತೀನಿ. ಈ ಹುಡುಗರಲ್ಲಿ ಹೆಚ್ಚಿನವರು ಕಪ್ಪು ಜನಾಂಗದವರು. ಎತ್ತರ, ತೋಳಿನ ಉದ್ದ, ತೂಕ ಅಂತ ಮಾತಾಡುವಾಗ ಅದು ಆಟಕ್ಕೆ ಎಷ್ಟು ಬೇಕೋ ಅಷ್ಟಕ್ಕೆ ನಿಲ್ಲಲಿ. ನಮ್ಮವರು ಕೆಲವರು, ಯಾರಿಗೂ ಅರ್ಥವಾಗಲ್ಲ ಅಂತ, ಆಟಗಾರರ ಬಣ್ಣ ಹಿಡಿದು ಕನ್ನಡದಲ್ಲಿ ಏನೇನೋ ಅನ್ನುತ್ತಾರೆ. ಅಂಥ ಕಡೆ ಕೂರಬೇಡಿ. ಮೇಜಿನ ಮೇಲೆ ನೇರವಾಗಿ ಹೇಳೋಕಾಗದ ಮಾತನ್ನು ಕನ್ನಡದಲ್ಲೂ ಆಡಬಾರದು.

ಭಾರತದವರು ಯಾರಾದರೂ ಡ್ರಾಫ್ಟ್ ಆಗಿದ್ದಾರಾ ಅಂತ ಖಂಡಿತ ಕೇಳುತ್ತಾರೆ. ಆಗಿದ್ದಾರೆ. ಪಂಜಾಬಿನ ಸತ್ನಾಮ್ ಸಿಂಗ್, 2015ರಲ್ಲಿ, ಡಲ್ಲಾಸ್‌ಗೆ, 52ನೆಯವನಾಗಿ. ಎನ್‌ಬಿಎ ಸೀಸನ್ ಪಂದ್ಯ ಆಡುವ ಅವಕಾಶ ಸಿಗಲಿಲ್ಲ.

ಪಂದ್ಯ ನೋಡೋಕೆ ಕಾರ್ ತೆಗೆಯಬೇಡಿ, ಪಾರ್ಕಿಂಗ್‌ಗೆ ಸುಮ್ನೆ ದುಡ್ಡು ದಂಡ. ಹಿಲ್ಸ್‌ಬರೋದ ಒರೆಂಕೋದಲ್ಲಿ ಮ್ಯಾಕ್ಸ್ ರೈಲಿನ ಬ್ಲೂ ಲೈನ್ ಹತ್ತಿದರೆ ನದಿ ದಾಟಿದ ಕೂಡಲೇ ರೋಸ್ ಕ್ವಾರ್ಟರ್. ಇಳಿದರೆ ಎದುರಿಗೇ ಬ್ಲೇಜರ್ಸ್ ಆಡುವ ಮೋಡಾ ಸೆಂಟರ್. ಶನಿವಾರ ಬಿಟ್ಟು ವಾರದ ಮಧ್ಯೆ, ದೊಡ್ಡ ಹೆಸರಿಲ್ಲದ ತಂಡ ಬರುವ ದಿನ ನೋಡಿ, ಮೇಲಿನ 300ರ ಸಾಲಿನ ಟಿಕೆಟ್ ತಗೊಳ್ಳಿ. ಜೂನ್‌ನಲ್ಲಿ ಡ್ರಾಫ್ಟ್ ರಾತ್ರಿಗೆ ನಮ್ಮನೆಗೆ ಬಂದುಬಿಡಿ. ಮಗಳ ಕಡೆ ಕೂರ್ತೀರೋ ನನ್ನ ಕಡೆಯೋ ಅನ್ನುವುದನ್ನು ಮಾತ್ರ ಬರುವ ಮುಂಚೆ ತಿಳಿಸಿ, ಸೋಫಾ ಚಿಕ್ಕದು.